ಮನಶ್ಶಾಸ್ತ್ರದ ಮೊದಲ ಪಾಠ

ಶಾಸ್ತ್ರಗಳಲ್ಲಿ ಎರಡು ಬಗೆಯುಂಟು. ಕಲಿಯುವವನನ್ನು ಹೊರಗೆ ನಿಲ್ಲಿಸಿ ತಮ್ಮ ವಿಷಯವನ್ನು ವಿವರಿಸುವಂಥವು ಒಂದು ಬಗೆ. ಕಲಿಯುವವನನ್ನೂ ವಿಷಯದೊಳಗೆ ಸೇರಿಸಿಕೊಳ್ಳುವಂಥವು ಇನ್ನೊಂದು ಬಗೆ. ಖಗೋಳವನ್ನು ಓದುವ ವಿದ್ಯಾರ್ಥಿ ಗ್ರಹವಲ್ಲ. ಸಸ್ಯಶಾಸ್ತ್ರವನ್ನು ಓದುವವನು ಗಿಡವಲ್ಲ. ಶನಿಗ್ರಹದ ಗತಿಯನ್ನು ಲೆಕ್ಕಹಾಕಲು ಕಲಿತವನ ನಡತೆಯು ಅದರಿಂದ ತಿದ್ದಿತೇ ಎಂದು ಯಾರೂ ವಿಚಾರಿಸುವುದಿಲ್ಲ. ಮನಶ್ಶಾಸ್ತ್ರದ ಸಂಗತಿ ಹಾಗಲ್ಲ. ಕಾಲೇಜಿನಲ್ಲಿ ಅದರ ಮೊದಲ ಪುಸ್ತಕವನ್ನು ಬಿಡಿಸಿದವನು ತನ್ನನ್ನೇ ಕುರಿತ ಪುಸ್ತಕವನ್ನು ಬಿಡಿಸಿರುತ್ತಾನೆ. ಮನುಷ್ಯನು ಹೀಗೆ ಮರೆಯುತ್ತಾನೆ, ಹೀಗೆ ಅಂಜುತ್ತಾನೆ, ಹೀಗೆ ಮೋಸಹೋಗುತ್ತಾನೆ ಎಂದು ಪುಟಪುಟವೂ ಹೇಳುತ್ತದೆ. ಆ ‘ಮನುಷ್ಯ’ನೆಂಬ ಮಾತಿನಲ್ಲಿ ಓದುತ್ತಿರುವವನೂ ಸೇರಿದನೋ ಇಲ್ಲವೋ? ಸೇರಲಿಲ್ಲವಾದರೆ ಅವನು ಆ ಪಾಠವನ್ನು ಕಲಿತನೆಂದು ಹೇಳಬಹುದೋ? ಈ ಪ್ರಶ್ನೆ ನೋಟಕ್ಕೆ ವಿದ್ಯಾಭ್ಯಾಸಕ್ಕೆ ಸೇರಿದುದಾಗಿ ಕಂಡರೂ ನಿಜದಲ್ಲಿ ಧರ್ಮಕ್ಕೆ ಸೇರಿದುದು.

ಕಾಲೇಜಿನ ಪಾಠವಾಗಿ ಮನಶ್ಶಾಸ್ತ್ರಕ್ಕೆ ಇರುವ ವಯಸ್ಸು ಹೆಚ್ಚಿನದೇನಲ್ಲ. ಅಮೆರಿಕದ ಹಾರ್ವರ್ಡಿನಲ್ಲಿ ವಿಲಿಯಂ ಜೇಮ್ಸನು ಅದರ ಬೋಧನೆಯನ್ನು ಆರಂಭಿಸಿದ್ದು ೧೮೭೫ರಲ್ಲಿ. ಜರ್ಮನಿಯ ಲೈಪ್ಜಿಗ್ ನಗರದಲ್ಲಿ ವುಂಟನು ಪ್ರಯೋಗಶಾಲೆಯನ್ನು ತೆರೆದದ್ದು ೧೮೭೯ರಲ್ಲಿ. ಭರತಖಂಡದಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯವು ೧೯೧೬ರಲ್ಲಿ ಈ ಶಾಸ್ತ್ರಕ್ಕೆಂದು ಒಂದು ವಿಭಾಗವನ್ನು ಏರ್ಪಡಿಸಿತು. ಮೈಸೂರು ವಿಶ್ವವಿದ್ಯಾನಿಲಯವು ೧೯೨೪ರಲ್ಲಿ ಅದನ್ನು ಅನುಸರಿಸಿತು. ಮೈಸೂರಿನ ವಿಭಾಗವನ್ನು ಕಟ್ಟಿದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರೇ ೧೯೩೫ರಲ್ಲಿ ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ನುಡಿಸಿದವರು. ಹೀಗೆ ಈ ವಿದ್ಯೆ ಕನ್ನಡನಾಡಿಗೆ ಬಂದು ನೂರು ವರ್ಷಗಳು ತುಂಬಿವೆ. ಇಂದು ಎಷ್ಟೋ ಮನೆಗಳ ಮಕ್ಕಳು ಇದನ್ನು ಓದುತ್ತಾರೆ, ರಜಕ್ಕೆ ಊರಿಗೆ ಬಂದವರನ್ನು ನೆಂಟರಿಷ್ಟರು, “ಇನ್ನು ನಮ್ಮ ಮನಸ್ಸಿನಲ್ಲಿರುವುದೆಲ್ಲ ನಿನಗೆ ತಿಳಿದುಬಿಡುತ್ತದೆಯೋ?” ಎಂದು ಅರ್ಧ ಹಾಸ್ಯದಿಂದಲೂ ಅರ್ಧ ಭಯದಿಂದಲೂ ಕೇಳುತ್ತಾರೆ.

ಆ ಕೇಳಿಕೆಯಲ್ಲಿಯೇ ಮೊದಲನೆಯ ತಪ್ಪು ಅಡಗಿದೆ. ಮನಸ್ಸಿನ ಶಾಸ್ತ್ರವೆಂದರೆ ಇತರರ ಮನಸ್ಸಿನ ಶಾಸ್ತ್ರವೆಂದು ಕೇಳುವವರೂ ತಿಳಿಯುತ್ತಾರೆ, ಕಲಿಯುವವರೂ ತಿಳಿಯುತ್ತಾರೆ. ಹೊಸದಾಗಿ ಕಲಿತ ಪಾರಿಭಾಷಿಕ ಪದಗಳು ನಾಲಗೆಯ ತುದಿಯಲ್ಲಿರುತ್ತವೆ. ತಂದೆಯ ಸಿಟ್ಟು ದಮನಗೊಂಡ ಬಯಕೆಯಾಗುತ್ತದೆ. ಅತ್ತೆಯ ಮಡಿ ಒಂದು ಗೀಳಾಗುತ್ತದೆ. ಗೆಳೆಯನ ಬಿಂಕ ಕೀಳರಿಮೆಯ ಮುಸುಕಾಗುತ್ತದೆ. ತನ್ನ ಸಿಟ್ಟು ಮಾತ್ರ ನ್ಯಾಯವಾದ ಸಿಟ್ಟಾಗಿಯೇ ಉಳಿಯುತ್ತದೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ನೆರೆಯವನ ಎಲೆಯಲ್ಲಿಯ ನೊಣವನ್ನು ತೋರಿಸುವ ಹಳೆಯ ರೂಢಿಗೆ ಶಾಸ್ತ್ರದ ಭಾಷೆಯೊಂದು ದೊರೆತಂತಾಯಿತು. ಆದರೆ ಇದು ಹರೆಯದ ಚಾಪಲ್ಯ. ಕಾಲಕ್ರಮದಲ್ಲಿ ತಾನಾಗಿಯೇ ಅಡಗಬಹುದು. ಇದರ ಹಿಂದಿರುವ ಇನ್ನೊಂದು ತಪ್ಪು ಅಷ್ಟು ಸುಲಭವಾಗಿ ಅಡಗತಕ್ಕುದಲ್ಲ. ಅದನ್ನು ತಿಳಿಯಲು ಮೊದಲ ತರಗತಿಯಲ್ಲಿ ಎಲ್ಲೆಡೆಯೂ ಬೋಧಿಸುವ ಒಂದು ಪ್ರಯೋಗವನ್ನು ನೆನೆಯಬೇಕು.

ಡಾರ್ಲಿ ಮತ್ತು ಲಟನೇ ಎಂಬ ಇಬ್ಬರು ವಿದ್ವಾಂಸರು ೧೯೬೮ರಲ್ಲಿ ಪ್ರಕಟಿಸಿದ ಪ್ರಯೋಗವದು. ಅದರಲ್ಲಿ ಪಾಲುಗೊಂಡವರು ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಮೊದಲ ಪಾಠವನ್ನು ಓದುತ್ತಿದ್ದ ವಿದ್ಯಾರ್ಥಿಗಳೇ. ಒಬ್ಬೊಬ್ಬರನ್ನು ಒಂದೊಂದು ಕೊಠಡಿಯಲ್ಲಿ ಕೂರಿಸಿ, ಕಾಲೇಜು ಜೀವನದ ತೊಂದರೆಗಳನ್ನು ಇತರ ಕೊಠಡಿಗಳಲ್ಲಿರುವವರೊಡನೆ ಧ್ವನಿಯಂತ್ರದ ಮೂಲಕ ಚರ್ಚಿಸಬೇಕೆಂದು ಹೇಳಲಾಯಿತು. ಮಾತನಾಡುತ್ತಿದ್ದ ಒಬ್ಬನಿಗೆ ನಡುವೆ ಅಪಸ್ಮಾರ ಬಂದಂತಾಗಿ, ಅವನು ತೊದಲುತ್ತ, ಉಸಿರುಗಟ್ಟುತ್ತ, ಸಹಾಯಕ್ಕಾಗಿ ಮೊರೆಯಿಟ್ಟನು. ನಿಜವಾಗಿ ಆ ಧ್ವನಿ ಮೊದಲೇ ಮುದ್ರಿಸಿಟ್ಟದ್ದು. ಹೀಗೆ ವಂಚಿಸುವುದು ನ್ಯಾಯವೇ ಎಂಬುದು ಬೇರೆ ಚರ್ಚೆ. ಆ ಮೊರೆಯನ್ನು ಕೇಳುತ್ತಿರುವವನು ತಾನೊಬ್ಬನೇ ಎಂದು ನಂಬಿದವರಲ್ಲಿ, ಧ್ವನಿ ನಿಲ್ಲುವುದರೊಳಗಾಗಿ, ನೂರಕ್ಕೆ ೮೫ ಜನರು ಎದ್ದು ಹೊರಗೆ ಬಂದರು. ಕೇಳುತ್ತಿರುವವರು ಇನ್ನೂ ನಾಲ್ವರಿದ್ದಾರೆಂದು ನಂಬಿದವರಲ್ಲಿ ಹಾಗೆ ಬಂದವರು ನೂರಕ್ಕೆ ೩೧ ಜನರು ಮಾತ್ರ.

ಏಳದೆ ಕುಳಿತವರು ಕಲ್ಲೆದೆಯವರಾಗಿದ್ದರೆ? ಹಾಗೇನೂ ಇರಲಿಲ್ಲ. ಪ್ರಯೋಗವನ್ನು ಮುಗಿಸಲು ಕೊಠಡಿಯೊಳಕ್ಕೆ ಹೋದವರು ಕಂಡದ್ದು ನಡುಗುವ ಕೈಗಳನ್ನು, ಬೆವೆತ ಅಂಗೈಗಳನ್ನು. ಆ ರೋಗಿಯ ಗತಿ ಏನಾಯಿತೆಂದು ಎಷ್ಟೋ ಮಂದಿ ತಾವಾಗಿಯೇ ವಿಚಾರಿಸಿದರು. ಅವರಿಗೆ ಕನಿಕರದ ಕೊರತೆ ಇರಲಿಲ್ಲ. ಹೊಣೆಯು ಐವರಲ್ಲಿ ಹಂಚಿಹೋಗಿ ಒಬ್ಬೊಬ್ಬರ ಪಾಲಿಗೂ ತೀರ ಹಗುರಾಗಿತ್ತು. ಇದಕ್ಕಿಂತಲೂ ಗಮನಿಸತಕ್ಕ ಸಂಗತಿ ಇನ್ನೊಂದಿದೆ. ಇತರರಿದ್ದುದರಿಂದ ನೀವು ತಡೆದಿರೋ ಎಂದು ಇಂತಹ ಪ್ರಯೋಗಗಳಲ್ಲಿ ಪಾಲುಗೊಂಡವರನ್ನು ಬಗೆಬಗೆಯಾಗಿ, ನಯವಾಗಿಯೂ ನೇರವಾಗಿಯೂ ಕೇಳಿ ನೋಡಿದರೂ, ಅವರು ಇಲ್ಲವೆಂದೇ ಹೇಳುತ್ತಿದ್ದರೆಂದು ಆ ವಿದ್ವಾಂಸರು ೧೯೭೦ರ ತಮ್ಮ ಗ್ರಂಥದಲ್ಲಿ ಬರೆದಿದ್ದಾರೆ. ಅವರು ಸುಳ್ಳು ಹೇಳಿದರೆಂದು ಭಾವಿಸಲು ಕಾರಣವಿಲ್ಲ. ತಮ್ಮ ಮೇಲೆ ಬಿದ್ದ ಒತ್ತಡವು ತಮಗೇ ಕಾಣಲಿಲ್ಲ, ಅಷ್ಟೆ.

ಈ ಪಾಠವನ್ನು ಕೇಳಿದ ವಿದ್ಯಾರ್ಥಿ ಏನನ್ನು ಕಲಿತನೆಂಬುದನ್ನೂ ಪರೀಕ್ಷಿಸಿದವರುಂಟು. ಮಿಷಿಗನ್ ವಿಶ್ವವಿದ್ಯಾನಿಲಯದ ನಿಸ್ಬೆಟ್ ಮತ್ತು ಬೋರ್ಜಿಡಾ ಎಂಬವರು ೧೯೭೫ರಲ್ಲಿ ಇಂಥ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಮೇಲೆ ಹೇಳಿದ ಬಗೆಯ ಪ್ರಯೋಗವನ್ನು ವಿದ್ಯಾರ್ಥಿಗಳಿಗೆ ವಿವರಿಸಿ, ಅದರಲ್ಲಿ ಪಾಲುಗೊಂಡವರೆಂದು ಇಬ್ಬರು ವ್ಯಕ್ತಿಗಳ ಮಾತುಕತೆಯ ಚಿತ್ರವನ್ನು ತೋರಿಸಿದರು. ನೋಡುವುದಕ್ಕೆ ಆ ಇಬ್ಬರೂ ಸಾಧಾರಣ ಸಜ್ಜನರು. ಇವರು ಏನು ಮಾಡಿರಬಹುದು ಎಂದು ಕೇಳಿದರು. ಪ್ರಯೋಗದ ಫಲವನ್ನು ತಿಳಿಯದ ವಿದ್ಯಾರ್ಥಿಗಳು, ಇವರು ಒಡನೆಯೇ ಸಹಾಯಕ್ಕೆ ಓಡಿರಬೇಕೆಂದು ಊಹಿಸಿದರು. ಆಶ್ಚರ್ಯವೇನೆಂದರೆ, ಬೇಗನೆ ಎದ್ದವರು ಕೆಲವರು ಮಾತ್ರವೆಂದು ಮೊದಲೇ ತಿಳಿದಿದ್ದ ವಿದ್ಯಾರ್ಥಿಗಳೂ ಹಾಗೆಯೇ ಊಹಿಸಿದರು! ನಿಯಮವು ಅವರಿಗೆ ಗೊತ್ತಿತ್ತು. ಬರೆಯೆಂದರೆ ಬರೆಯುತ್ತಿದ್ದರು, ಅಂಕಗಳೂ ದೊರೆಯುತ್ತಿದ್ದವು. ಆದರೆ ಮುಖ ಕಂಡ ಒಬ್ಬ ವ್ಯಕ್ತಿ ಎದುರಿಗೆ ಬಂದೊಡನೆ ಆ ನಿಯಮವು ಮೂಲೆಗೆ ಸರಿದು ನಿಂತಿತು. ಪುಸ್ತಕದ ಬದನೆಕಾಯಿ ಊಟಕ್ಕೆ ಬಾರದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಾಗಿಲ್ಲ. ಪರಿಚಯವಿಲ್ಲದ ಇಬ್ಬರ ವಿಷಯದಲ್ಲಿಯೇ ಹೀಗಾದರೆ, ನಿತ್ಯವೂ ಕನ್ನಡಿಯಲ್ಲಿ ಕಾಣುವ ಮುಖದ ವಿಷಯದಲ್ಲಿ ಹೇಳತಕ್ಕುದೇನು?

ಮಹಾಭಾರತದ ಯಕ್ಷಪ್ರಶ್ನೆಯ ಪ್ರಸಂಗವು ಈ ದೇಶದ ಮನೆಮನೆಗೂ ಗೊತ್ತಿರುವುದು. ಲೋಕದಲ್ಲಿ ಪರಮಾಶ್ಚರ್ಯವಾವುದೆಂದು ಯಕ್ಷನು ಕೇಳಿದಾಗ ಧರ್ಮರಾಯನು ಕೊಟ್ಟ ಉತ್ತರದ ತಾತ್ಪರ್ಯವೂ ಇದೇ: ದಿನದಿನವೂ ಜೀವಿಗಳು ಸಾಯುವುದನ್ನು ಕಾಣುತ್ತಿದ್ದರೂ ಉಳಿದವರು ತಾವು ಸ್ಥಿರವೆಂದು ಬಗೆಯುತ್ತಾರೆ. ಮನುಷ್ಯರೆಲ್ಲರೂ ಸಾಯುವರೆಂಬುದು ಅವರಿಗೆ ತಿಳಿಯದ ವಿಷಯವಲ್ಲ. ತಿಳಿದ ನಿಯಮದಿಂದ ತಮ್ಮನ್ನು ಸದ್ದಿಲ್ಲದೆ ಹೊರಗಿಟ್ಟುಕೊಂಡಿರುತ್ತಾರೆ. ಕಾಲೇಜಿನ ವಿದ್ಯಾರ್ಥಿ ಮಾಡುವುದೂ ಇದನ್ನೇ. ಆದುದರಿಂದ ಇದು ಬುದ್ಧಿಯ ಮಾಂದ್ಯವಲ್ಲ, ಹೊಸ ಕಾಲದ ರೋಗವೂ ಅಲ್ಲ. ನಿಯಮವನ್ನು ಗ್ರಹಿಸುವುದು ಬುದ್ಧಿಯ ಕೆಲಸ. ಆ ನಿಯಮದೊಳಗೆ ತಾನೂ ಒಬ್ಬನೆಂದು ಒಪ್ಪುವುದು ಶೀಲದ ಕೆಲಸ. ಮೊದಲನೆಯದು ಮುಗಿದೊಡನೆ ಎರಡನೆಯದೂ ಮುಗಿಯಿತೆಂಬ ಭ್ರಾಂತಿಯೇ ಇಲ್ಲಿ ದೋಷವು.

ಇದಕ್ಕೆ ಒಂದು ಆಕ್ಷೇಪವುಂಟು. ಎದುರಿಗಿರುವವನನ್ನು ಒಳ್ಳೆಯವನೆಂದು ಊಹಿಸುವುದು ಔದಾರ್ಯವಲ್ಲವೆ? ಅದನ್ನು ತಪ್ಪೆಂದು ಏಕೆ ಕರೆಯಬೇಕು? ಔದಾರ್ಯವೆಂದು ತೋರುವ ಈ ಭಾವನೆಯ ಕೊನೆ ಕ್ರೌರ್ಯದಲ್ಲಿ ಎಂಬುದನ್ನು ವಿಚಾರಿಸಿ ನೋಡಬೇಕು. ಸಜ್ಜನರೆಲ್ಲರೂ ಓಡಿಬರುವರೆಂದು ನಂಬಿದವನು, ಓಡಿಬಾರದವನನ್ನು ದುರ್ಜನನೆಂದೇ ನಿರ್ಣಯಿಸಬೇಕಾಗುತ್ತದೆ. ಪತ್ರಿಕೆಯಲ್ಲಿ ರಸ್ತೆಯ ಅಪಘಾತದ ಸುದ್ದಿಯನ್ನು ಓದಿ, ಸುತ್ತ ನಿಂತಿದ್ದವರನ್ನು ಪಶುಗಳೆಂದು ಜರೆಯುವವನು, ತಾನಾಗಿದ್ದರೆ ಹಾಗೆ ನಿಲ್ಲುತ್ತಿರಲಿಲ್ಲವೆಂಬ ಸಮಾಧಾನವನ್ನೂ ಅದರೊಡನೆಯೇ ಪಡೆಯುತ್ತಾನೆ. ಆ ಸಮಾಧಾನವೇ ಅಪಾಯಕಾರಿ. ತಾನು ಜಾರುವವನಲ್ಲವೆಂದು ತಿಳಿದವನು ಪಾಚಿಗಟ್ಟಿದ ಮೆಟ್ಟಿಲಿನ ಮೇಲೆ ಕಾಲನ್ನು ನೋಡಿ ಇಡುವುದಿಲ್ಲ. ನಡುಗುವ ಕೈಗಳ ಸಂಗತಿಯನ್ನು ಅರಿತವನಿಗಾದರೋ ನಿಂತವರ ಮೇಲೆ ತಿರಸ್ಕಾರವೂ ಕಡಮೆಯಾಗುತ್ತದೆ, ತನ್ನ ಮೇಲೆ ಎಚ್ಚರವೂ ಹೆಚ್ಚುತ್ತದೆ.

ಎರಡನೆಯ ಆಕ್ಷೇಪವು ಇದಕ್ಕೆ ಎದುರಾದುದು. ಬಹುಮಂದಿ ಹೀಗೆಯೇ ನಡೆಯುವರೆಂದು ಶಾಸ್ತ್ರವೇ ಹೇಳಿದ ಮೇಲೆ, ನಡೆದವನ ಮೇಲೆ ದೋಷವೆಲ್ಲಿ ಉಳಿಯಿತು? ಕಾರಣವನ್ನು ತಿಳಿಸುವುದೇ ಕ್ಷಮೆಯನ್ನು ದಯಪಾಲಿಸಿದಂತೆ ಆಗಲಿಲ್ಲವೆ? ಈ ಭಯ ನಿರಾಧಾರವಲ್ಲ. ಸೋಮಾರಿಯಾದ ಆತ್ಮಸಾಕ್ಷಿಗೆ ಶಾಸ್ತ್ರವು ದಿಂಬಾಗಬಲ್ಲುದು. ಆದರೆ ನೂರರಲ್ಲಿ ೩೧ ಎಂಬ ಸಂಖ್ಯೆ ಬಹುಮಂದಿ ಏನು ಮಾಡಿದರೆಂಬುದನ್ನು ಹೇಳುತ್ತದೆಯೇ ಹೊರತು, ಒಬ್ಬನು ಏನು ಮಾಡಬೇಕೆಂಬುದನ್ನು ಹೇಳುವುದಿಲ್ಲ. ಆ ಮೂವತ್ತೊಂದು ಮಂದಿ ಎದ್ದೇ ಎದ್ದರಷ್ಟೆ! ಇಳಿಜಾರು ಇರುವುದೆಂದು ತಿಳಿಸಿದ ಮಾತ್ರಕ್ಕೆ ಜಾರಲು ಅಪ್ಪಣೆ ಕೊಟ್ಟಂತಾಗುವುದಿಲ್ಲ. ಅರಿಯದೆ ಜಾರಿದವನಿಗೆ ಅಜ್ಞಾನವೆಂಬ ನೆಪವಾದರೂ ಇತ್ತು. ಅರಿತವನಿಗೆ ಅದೂ ಇಲ್ಲ. ಕಾರಣದ ಜ್ಞಾನವು ಕ್ಷಮೆಯನ್ನು ಹೆಚ್ಚಿಸಬೇಕಾದುದು ಇತರರ ವಿಷಯದಲ್ಲಿ, ಹೊಣೆಯನ್ನು ಹೆಚ್ಚಿಸಬೇಕಾದುದು ತನ್ನ ವಿಷಯದಲ್ಲಿ. ಇವೆರಡನ್ನು ಅದಲುಬದಲು ಮಾಡಿಕೊಂಡವನಿಗೆ ಯಾವ ಶಾಸ್ತ್ರದಿಂದಲೂ ಉಪಕಾರವಿಲ್ಲ.

ಹಾಗಾದರೆ ತರಗತಿಯ ಪಾಠವು ಕೇವಲ ವ್ಯರ್ಥವೋ? ೧೯೭೮ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆಯು ಇದಕ್ಕೆ ಆಶಾದಾಯಕವಾದ ಉತ್ತರವನ್ನು ಕೊಡುತ್ತದೆ. ಮೇಲಿನ ಪ್ರಯೋಗಗಳ ವಿಷಯವಾಗಿ ಪಾಠವನ್ನು ಕೇಳಿದ್ದ ವಿದ್ಯಾರ್ಥಿಗಳು ಸುಮಾರು ಎರಡು ವಾರಗಳ ತರುವಾಯ, ಪಾಠಕ್ಕೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಏರ್ಪಡಿಸಿದ್ದ ಸಂದರ್ಭದಲ್ಲಿ, ಗೋಡೆಗೆ ಒರಗಿ ಕುಸಿದಿದ್ದ ಒಬ್ಬನನ್ನು ಹಾದುಹೋಗಬೇಕಾಯಿತು. ಪಾಠವನ್ನು ಕೇಳದವರಲ್ಲಿ ನೂರಕ್ಕೆ ೨೫ ಜನರು ನಿಂತು ವಿಚಾರಿಸಿದರು; ಕೇಳಿದವರಲ್ಲಿ ನೂರಕ್ಕೆ ಸುಮಾರು ೪೩ ಜನರು. ಒಂದು ಗಂಟೆಯ ಬೋಧನೆಯಿಂದ ಇಷ್ಟು ಫಲ ದೊರೆತುದು ಅಲ್ಪವಲ್ಲ. ಆದರೆ ಪಾಠವನ್ನು ಕೇಳಿದವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿ ಮುಂದೆ ನಡೆದರೆಂಬುದನ್ನು ಮರೆಯಬಾರದು. ನಿಂತವರು ಹೆಚ್ಚು ಬುದ್ಧಿವಂತರೆಂದು ಹೇಳಲಾಗುವುದಿಲ್ಲ. ಪುಸ್ತಕದಲ್ಲಿ ಓದಿದ ‘ಮನುಷ್ಯ’ನು ಈ ಕ್ಷಣದಲ್ಲಿ ತಾನೇ ಎಂಬುದು ಪ್ರಾಯಶಃ ಅವರಿಗೆ ಹೊಳೆದಿರಬೇಕು.

ಶಾಸ್ತ್ರವೂ ತನ್ನ ಪಾಠವನ್ನು ತಾನು ಕಲಿಯಬೇಕಾಗಿ ಬಂದುದುಂಟು. ಡಾರ್ಲಿ ಮತ್ತು ಲಟನೇ ಅವರನ್ನು ಈ ವಿಚಾರಕ್ಕೆ ಪ್ರೇರಿಸಿದ್ದು ೧೯೬೪ರ ಮಾರ್ಚಿಯಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಕಿಟ್ಟಿ ಜಿನೋವೀಸ್ ಎಂಬ ತರುಣಿಯ ಕೊಲೆ. ೩೮ ಜನರು ಕಿಟಕಿಗಳಿಂದ ನೋಡುತ್ತಿದ್ದರೂ ಒಬ್ಬರೂ ಕದಲಲಿಲ್ಲವೆಂದು ಅಲ್ಲಿಯ ಪ್ರಸಿದ್ಧ ಪತ್ರಿಕೆಯೊಂದು ಬರೆಯಿತು. ಪಠ್ಯಪುಸ್ತಕಗಳು ಅದನ್ನು ಹತ್ತಾರು ವರ್ಷ ಹಾಗೆಯೇ ಹೇಳುತ್ತ ಬಂದವು. ಅದಕ್ಕೆ ತಕ್ಕ ಆಧಾರವಿಲ್ಲವೆಂದು ವಿದ್ವಾಂಸರು ೨೦೦೭ರಲ್ಲಿ ತೋರಿಸಿಕೊಟ್ಟರು. ೨೦೧೬ರಲ್ಲಿ ಆ ಪತ್ರಿಕೆಯೇ ತನ್ನ ವರದಿಯ ದೋಷವನ್ನು ಒಪ್ಪಿಕೊಂಡಿತು. ನೆರೆಯ ಹೆಂಗಸೊಬ್ಬಳು ಓಡಿಬಂದು ಸಾಯುತ್ತಿದ್ದವಳನ್ನು ತೋಳಿನಲ್ಲಿ ಹಿಡಿದುಕೊಂಡಿದ್ದಳು. ಆಕೆಗೆ ಪಾಠದಲ್ಲಿ ಸ್ಥಳವಿರಲಿಲ್ಲ. ೨೦೧೯ರಲ್ಲಿ ಪ್ರಕಟವಾದ ಇನ್ನೊಂದು ಶೋಧನೆಯು ಇಂಗ್ಲೆಂಡು, ಹಾಲೆಂಡು, ದಕ್ಷಿಣ ಆಫ್ರಿಕಾ ದೇಶಗಳ ಬೀದಿಗಳಲ್ಲಿ ನಡೆದ ೨೧೯ ಜಗಳಗಳ ಚಿತ್ರಮುದ್ರಿಕೆಗಳನ್ನು ನೋಡಿ, ಹತ್ತರಲ್ಲಿ ಒಂಬತ್ತು ಕಡೆ ಒಬ್ಬರಾದರೂ ನಡುವೆ ಬಂದು ಬಿಡಿಸಲು ಯತ್ನಿಸಿದರೆಂದು ಕಂಡಿತು. ಇದರಿಂದ ಮೊದಲಿನ ಪ್ರಯೋಗವು ಸುಳ್ಳಾಗಲಿಲ್ಲ. ಗುಂಪಿನಲ್ಲಿ ಒಬ್ಬೊಬ್ಬನೂ ತಡೆಯುವ ಸಂಭವ ಹೆಚ್ಚಾಗಿರಬಹುದು. ಆದರೂ ಗುಂಪಿನಲ್ಲಿ ಯಾರೋ ಒಬ್ಬರು ಹೆಜ್ಜೆ ಮುಂದಿಡುತ್ತಾರೆ. ಆ ಒಬ್ಬರು ಇನ್ನೊಬ್ಬರಿಗಾಗಿ ಕಾಯಲಿಲ್ಲ.

ಆದಕಾರಣ ಮನಶ್ಶಾಸ್ತ್ರದ ಮೊದಲ ಪಾಠವು ಎಷ್ಟು ಪ್ರಯೋಜನಕಾರಿಯೆಂಬುದು ಪ್ರಶ್ನಪತ್ರಿಕೆಯಿಂದ ತಿಳಿಯತಕ್ಕುದಲ್ಲ. ‘ಮನುಷ್ಯನು’ ಎಂಬ ಕರ್ತೃಪದದಿಂದ ಆರಂಭವಾಗುವ ವಾಕ್ಯಗಳು ಆ ಪುಸ್ತಕದಲ್ಲಿ ನೂರಾರು ಇವೆ. ಒಂದೊಂದು ವಾಕ್ಯದಲ್ಲಿಯೂ ಆ ಕರ್ತೃಪದವನ್ನು ತೆಗೆದು, ಅಲ್ಲಿ ತನ್ನ ಹೆಸರನ್ನಿಟ್ಟು, ಇನ್ನೊಮ್ಮೆ ನಿಧಾನವಾಗಿ ಓದಿಕೊಳ್ಳುವ ಅಭ್ಯಾಸವನ್ನು ಉಪಾಧ್ಯಾಯರು ಕಲಿಸಬಹುದು. ಅವರು ಕಲಿಸದಿದ್ದರೆ ವಿದ್ಯಾರ್ಥಿಯೇ ಬೆಳಸಿಕೊಳ್ಳಬಹುದು. ಕೆಲವು ವಾಕ್ಯಗಳು ಹಾಗೆ ಓದಿದಾಗ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಗುರುತು ಹಾಕಿಕೊಂಡು ಮತ್ತೆ ಮತ್ತೆ ಓದಬೇಕಾದುವು ಅವೇ.