ಆಟದ ಕಳವೂ ಶಿಕ್ಷೆಯ ಅಳತೆಯೂ

ಜಾತ್ರೆಯ ಕುಸ್ತಿಯ ಕಣದಲ್ಲಿ ಇಬ್ಬರು ಪೈಲವಾನರು ತೊಡೆ ತಟ್ಟಿ ನಿಂತಾಗ ಸುತ್ತಲೂ ಕುಳಿತ ಜನರು ಬೇಡುವುದು ಒಂದೇ: ಇಬ್ಬರೂ ತಮ್ಮ ಬಲವನ್ನು ಮುಚ್ಚುಮರೆಯಿಲ್ಲದೆ ಒಡ್ಡಬೇಕು. ತಮ್ಮೂರ ಪೈಲವಾನನು ಚಿತ್ತಾದರೆ ಒಂದು ಗಳಿಗೆ ಮುಖ ಬಾಡೀತು. ಆದರೂ ಮನೆಗೆ ಮರಳುವಾಗ ಎದುರಾಳಿಯ ಪಟ್ಟನ್ನು ಹೊಗಳುತ್ತಲೇ ಹೋಗುತ್ತಾರೆ. ಇಬ್ಬರೂ ಮೊದಲೇ ಮಾತಾಡಿಕೊಂಡು ಕಣಕ್ಕಿಳಿದಿದ್ದರೆಂಬ ಸುದ್ದಿ ಹಬ್ಬಿತೆಂದರೆ ಮಾತ್ರ ಗೆದ್ದ ಊರಿನವರಿಗೂ ಸಂತೋಷವಿಲ್ಲ. ಬೀದರ ಸೀಮೆಗೆ ಹೊಂದಿಕೊಂಡ ಮರಾಠಿ ನಾಡಿನಲ್ಲಿ ಇಂಥದಕ್ಕೆ ‘ನುರಾ ಕುಸ್ತಿ’ ಎನ್ನುತ್ತಾರೆ. ರಾಜಕಾರಣಿಗಳ ಕಪಟ ಜಗಳಕ್ಕೂ ಅದೇ ಹೆಸರು ಸಲ್ಲುತ್ತದೆ. ಸೋಲಿನಿಂದ ಆಗದ ನೋವು ಸುಳ್ಳು ಗೆಲವಿನಿಂದ ಏಕೆ ಆಗಬೇಕು? ನೋಡುವವನ ಕೈಯಿಂದ ಹೋದದ್ದಾದರೂ ಏನು? ಹಾಗೆ ಆಡಿದವನಿಗೆ ಎಷ್ಟು ಶಿಕ್ಷೆ ಸಲ್ಲಬೇಕು? ಇವು ಆಟದ ಮಾತುಗಳಂತೆ ಕಂಡರೂ ಧರ್ಮದ ಮಾತುಗಳೇ ಆಗಿವೆ.

ನಿರ್ಣಾ, ಹುಮನಾಬಾದ, ಬಸವಕಲ್ಯಾಣಗಳ ಕಡೆಯ ಹಳ್ಳಿಗಳಲ್ಲಿ ಈಗ ಕಟ್ಟೆಯ ಮೇಲೆ ಕುಸ್ತಿಗಿಂತ ಕ್ರಿಕೆಟ್ಟಿನ ಚರ್ಚೆಯೇ ಹೆಚ್ಚು. 2019ರ ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ ಆಡಿದ ಏಳು ತಂಡಗಳಲ್ಲಿ ಹುಬ್ಬಳ್ಳಿ, ಬಳ್ಳಾರಿ, ಬೆಳಗಾವಿ, ಬಿಜಾಪುರಗಳ ಹೆಸರಿನವು ಇದ್ದವು. ಬೀದರದ ಹೆಸರಿನದು ಇರಲಿಲ್ಲ. ಈ ಭಾಗದ ತರುಣರು ಬೇರೊಂದು ಊರಿನ ತಂಡವನ್ನೇ ತಮ್ಮದೆಂದು ಆರಿಸಿಕೊಳ್ಳಬೇಕಾಗಿತ್ತು. ಆ ವರ್ಷದ ಆಗಸ್ಟ್ ಕೊನೆಗೆ ಮೈಸೂರಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಹುಬ್ಬಳ್ಳಿಯು ಬಳ್ಳಾರಿಯನ್ನು 8 ರನ್ನುಗಳಿಂದ ಸೋಲಿಸಿತು. ನವೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ಬಳ್ಳಾರಿ ತಂಡದ ನಾಯಕನನ್ನೂ ಇನ್ನೊಬ್ಬ ಆಟಗಾರನನ್ನೂ ಬಂಧಿಸಿದರು. ಹಣ ಪಡೆದು ಬೇಕೆಂದೇ ನಿಧಾನವಾಗಿ ಬ್ಯಾಟು ಬೀಸಿದರೆಂಬುದು ಆರೋಪ. ಬೇರೆ ತಂಡದ ಒಡೆಯರೊಬ್ಬರ ಮೇಲೂ ಮೊಕದ್ದಮೆ ಬಿದ್ದಿತು. ಆ ಲೀಗು ಆ ವರ್ಷಕ್ಕೇ ಮುಗಿಯಿತು. 2022ರಲ್ಲಿ ಮಹಾರಾಜ ಟ್ರೋಫಿಯೆಂಬ ಬೇರೆ ಹೆಸರಿನಿಂದ ಪಂದ್ಯಗಳು ಮರಳಿ ಆರಂಭವಾದವು.

ಮೊಕದ್ದಮೆಯ ಗತಿ ಏನಾಯಿತೆಂಬುದು ವಿಚಾರಯೋಗ್ಯವಾದುದು. 2022ರ ಜನವರಿಯಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಶ್ರೀನಿವಾಸ ಹರೀಶಕುಮಾರರು ಆ ದೋಷಾರೋಪಪಟ್ಟಿಯನ್ನು ರದ್ದುಗೊಳಿಸಿದರು. ಆಗ ಜಾರಿಯಲ್ಲಿದ್ದ ದಂಡಸಂಹಿತೆಯ 420ನೆಯ ಕಲಮಿನಂತೆ ವಂಚನೆಯಾಗಬೇಕಾದರೆ ಒಬ್ಬನನ್ನು ಮೋಸದಿಂದ ಪ್ರೇರೇಪಿಸಿ ಅವನ ಸ್ವತ್ತನ್ನು ಕೈಬಿಡಿಸಿರಬೇಕು. ಪ್ರೇಕ್ಷಕರಾದರೋ ತಾವಾಗಿಯೇ ಟಿಕೆಟು ಕೊಂಡು ಬಂದವರು. ಪಂದ್ಯವನ್ನು ಮೊದಲೇ ನಿಶ್ಚಯಿಸಿಕೊಂಡು ಆಡಿದರೆ ಆಟದ ಪ್ರೇಮಿಗಳಿಗೆ ತಾವು ಮೋಸಹೋದೆವೆಂಬ ಭಾವನೆ ಹುಟ್ಟುವುದು ನಿಜ. ಅದು ಆಟಗಾರನ ಅಪ್ರಾಮಾಣಿಕತೆಯನ್ನೂ ಅಶಿಸ್ತನ್ನೂ ಮನಸ್ಸಿನ ಕೆಡುಕನ್ನೂ ತೋರಿಸಬಹುದು. ಆದರೆ ಆ ಭಾವನೆಯೊಂದರಿಂದಲೇ ಅಪರಾಧವಾಗದು, ಶಿಸ್ತಿನ ಕ್ರಮವು ಕ್ರಿಕೆಟ್ ಮಂಡಳಿಗೆ ಸೇರಿದ್ದು ಎಂಬುದು ತೀರ್ಪಿನ ತಾತ್ಪರ್ಯ. ಇದರ ವಿರುದ್ಧ ರಾಜ್ಯ ಸರ್ಕಾರವು ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿತು. ಆರೋಪಪಟ್ಟಿಯೇ ಬಿದ್ದುಹೋದ ಆಟಗಾರರ ಹೆಸರುಗಳನ್ನು ಇಲ್ಲಿ ಎತ್ತುವ ಅಗತ್ಯವಿಲ್ಲ.

ತೀರ್ಪನ್ನು ಕೇಳಿ ಹಲವರು ಸಿಟ್ಟಾದರೆ ಆಶ್ಚರ್ಯವೇನಲ್ಲ. ಆದರೆ ಕಾನೂನು ತನ್ನ ಅಕ್ಷರಗಳೊಳಗೇ ನಡೆಯಬೇಕಾದದ್ದು. ಜನರ ಸಿಟ್ಟಿನ ಬೆನ್ನು ಹತ್ತಿ ಅದು ತನ್ನ ಮೇರೆಯನ್ನು ಹಿಗ್ಗಿಸುತ್ತ ಹೋದರೆ ನಾಳೆ ನಿರಪರಾಧಿಯೂ ಅದರೊಳಗೆ ಸಿಕ್ಕಿಬಿದ್ದಾನು. ಇಂಗ್ಲೆಂಡಿನಲ್ಲಿ ಜೂಜಿನಲ್ಲಿ ಮೋಸಮಾಡುವುದೇ ಅಪರಾಧವೆಂದು 2005ರ ಕಾಯಿದೆ ಹೇಳಿತು. ಆದ್ದರಿಂದ 2010ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಹಣಕ್ಕಾಗಿ ಬೇಕೆಂದೇ ನೋಬಾಲ್ ಎಸೆದ ಪ್ರಕರಣದಲ್ಲಿ ಪಾಕಿಸ್ತಾನದ ಮೂವರು ಆಟಗಾರರು ಮರುವರ್ಷ ಸೆರೆಮನೆ ಸೇರಿದರು. ಇಲ್ಲಿ ಅಂಥ ಶಾಸನ ಬೇಕೆನ್ನುವವರು ಶಾಸನಸಭೆಯನ್ನು ಕೇಳಬೇಕೇ ಹೊರತು ನ್ಯಾಯಮೂರ್ತಿಗಳನ್ನು ದೂರುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಕಾನೂನಿಗೆ ಕಾಣದ್ದು ಇಲ್ಲವೇ ಇಲ್ಲವೆಂದು ಸುಮ್ಮನಾಗಬಹುದೆ? ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ನೆನೆಯಬೇಕು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಾಯಕವು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಅದನ್ನು ಕಂಡೊಡನೆ ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರಬೇಕೆಂದರು. ವಿಚಾರಿಸಿ ನೋಡಿದರೆ ಅಲ್ಲಿ ಕಳವೆಂಬುದಿಲ್ಲ. ಬಸವಣ್ಣನವರೇ ಪರೀಕ್ಷಿಸಲೆಂದು ಹೆಚ್ಚು ಅಕ್ಕಿ ಚೆಲ್ಲಿಸಿದ್ದರೆಂದು ಕಥೆ ಹೇಳುತ್ತದೆ. ಅಂದರೆ ಒಡೆಯನು ತಾನಾಗಿಯೇ ಬಿಟ್ಟದ್ದು. ಯಾರೂ ಮೋಸಹೋಗಲಿಲ್ಲ, ಯಾರೂ ದೂರು ಕೊಡಲಿಲ್ಲ, ಯಾವ ಕಲಮಿನ ಕೆಳಗೂ ಅದು ಬಾರದು. ಆದರೂ ಆ ತಾಯಿಗೆ ಅದು ಸಲ್ಲಲಿಲ್ಲ. ಅವರ ತಕ್ಕಡಿಯಲ್ಲಿ ಒಂದು ಕಡೆ ಇದ್ದದ್ದು ಕೊಟ್ಟವನ ಒಪ್ಪಿಗೆಯಲ್ಲ, ಕಾಯಕದ ಶುದ್ಧಿ.

ಆಟವೂ ಕಾಯಕವೇ ಎಂದು ಕೇಳುವವರುಂಟು. ಸಂಜೆಯ ಹೊತ್ತು ಹೊಲದ ಬಯಲಿನಲ್ಲಿ ಹುಡುಗರು ಆಡುವುದು ವಿನೋದ. ಅದಕ್ಕೆ ಕಾಯಕದ ಮಾತು ಹಚ್ಚಬೇಕಾಗಿಲ್ಲ. ಆದರೆ ಆಟದಿಂದಲೇ ಅನ್ನ ಗಳಿಸುವವನಿಗೆ ಅದು ನೇಗಿಲು ಮಗ್ಗಗಳಷ್ಟೇ ಕಾಯಕ. ನೇಕಾರನು ಬಟ್ಟೆ ಕೊಡಬೇಕು, ಕುಂಬಾರನು ಮಡಕೆ ಕೊಡಬೇಕು. ಆಟಗಾರನು ಕೊಡಬೇಕಾದದ್ದು ಏನು? ಗೆಲವಲ್ಲ, ಏಕೆಂದರೆ ಅದು ಅವನ ಕೈಯಲ್ಲಿಲ್ಲ. ತನ್ನಿಂದಾಗುವಷ್ಟು ನಿಜವಾಗಿ ಆಡುವುದು, ಅಷ್ಟೇ. ಅದನ್ನೇ ಗುಟ್ಟಾಗಿ ಬೇರೆಯವನಿಗೆ ಮಾರಿಕೊಂಡರೆ ಮೈದಾನದಲ್ಲಿ ಉಳಿಯುವುದು ಕಾಯಕದ ವೇಷ ಮಾತ್ರ. ಟಿಕೆಟಿನ ಹಣ ಹಿಂದಿರುಗಿಸಿದರೂ ನೋಡಿದವನ ಸಂಕಟ ತೀರದಿರುವುದು ಇದಕ್ಕಾಗಿಯೇ. ಅವನಿಂದ ಹೋದದ್ದು ಹಣವಲ್ಲ, ತಾನು ಕಂಡದ್ದು ನಿಜವೆಂಬ ನಂಬಿಗೆ. ಒಮ್ಮೆ ಅದು ಹೋದರೆ ಮುಂದೆ ನಿಜವಾಗಿ ಆಡಿದವನ ಸೋಲಿನ ಮೇಲೂ ಸಂಶಯ ಬೀಳುತ್ತದೆ. ಇನ್ನು ಬಾಜಿ ಕಟ್ಟಿ ಹಣ ಕಳೆದುಕೊಂಡವನು ಮೋಸವಾಯಿತೆಂದು ಅಳುವುದಕ್ಕೆ ಹೆಚ್ಚು ಗಮನ ಕೊಡಬೇಕಾಗಿಲ್ಲ.

ಲಕ್ಕಮ್ಮನವರ ನಡೆಯಲ್ಲಿ ಇನ್ನೊಂದು ಅಂಶವಿದೆ, ಮತ್ತು ಕಟ್ಟೆಯ ಚರ್ಚೆಯಲ್ಲಿ ಸಾಮಾನ್ಯವಾಗಿ ಕಾಣದೆ ಹೋಗುವುದು ಅದೇ. ಅವರು ತಪ್ಪು ಹಿಡಿದದ್ದು ನೆರೆಮನೆಯವರಲ್ಲಲ್ಲ. ತಮ್ಮ ಪತಿಯಲ್ಲಿ, ತಮ್ಮ ಮನೆಯ ಅಡುಗೆಗೆ ಬಂದ ಅಕ್ಕಿಯಲ್ಲಿ. ಅಭಿಮಾನಿಯ ನ್ಯಾಯವಾದರೋ ಇದಕ್ಕೆ ತಿರುಗುಮುರುಗು. ಎದುರು ತಂಡದವನ ಮೇಲೆ ಆರೋಪ ಬಂದರೆ ಅಂದೇ ಸಂಜೆ ಆಜೀವ ನಿಷೇಧ ವಿಧಿಸಿಬಿಡುತ್ತಾನೆ. ತನ್ನವನ ಮೇಲೆ ಬಂದರೆ ಸಾಕ್ಷಿ ಎಲ್ಲಿ, ಇದೆಲ್ಲ ಪಿತೂರಿ ಎನ್ನುತ್ತಾನೆ. ಕೊಳ್ಳುವುದಕ್ಕೆ ಒಂದು ಸೇರು, ಮಾರುವುದಕ್ಕೆ ಒಂದು ಸೇರು ಇಟ್ಟುಕೊಂಡ ಅಂಗಡಿಯವನನ್ನು ಊರು ಕಳ್ಳನೆನ್ನುತ್ತದೆ. ಆಟಗಾರನ ಮೋಸವನ್ನು ವಿಚಾರಿಸಲು ಕುಳಿತವನ ಕೈಯಲ್ಲಿಯೇ ಎರಡು ಸೇರುಗಳಿದ್ದರೆ ಆ ವಿಚಾರಣೆಗೆ ಬೆಲೆ ಏನು?

ಈ ಪರೀಕ್ಷೆ ಬೀದರ ಸೀಮೆಯವರಿಗೆ ಮೊದಲೇ ಒಮ್ಮೆ ಬಂದಿತ್ತು. 1956ರವರೆಗೆ ಈ ಜಿಲ್ಲೆ ಹೈದರಾಬಾದಿನ ರಾಜ್ಯಕ್ಕೆ ಸೇರಿದ್ದು. ಇಂದಿಗೂ ವ್ಯಾಪಾರ, ಆಸ್ಪತ್ರೆ, ನೆಂಟಸ್ತಿಕೆಗಳೆಲ್ಲ ಆ ಕಡೆಗೇ ಹರಿಯುತ್ತವೆ. ಆದ್ದರಿಂದ ಹೈದರಾಬಾದಿನ ಮೊಹಮ್ಮದ್ ಅಜರುದ್ದೀನನು ಇಲ್ಲಿಯ ಬಹುಮಂದಿಗೆ ತಮ್ಮವನೇ. 2000ದ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ತನ್ನ 99ನೆಯ ಟೆಸ್ಟ್ ಆಡಿ ಶತಕ ಹೊಡೆದ ಆತನು ನೂರನೆಯದನ್ನು ಆಡಲೇ ಇಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಮಂಡಳಿಯು ಪಂದ್ಯ ನಿಶ್ಚಯಿಸಿದ ಆರೋಪದ ಮೇಲೆ ಅವನಿಗೆ ಆಜೀವ ನಿಷೇಧ ವಿಧಿಸಿತು; 2012ರ ನವೆಂಬರಿನಲ್ಲಿ ಆಂಧ್ರಪ್ರದೇಶದ ಉಚ್ಚ ನ್ಯಾಯಾಲಯವು ಆ ನಿಷೇಧವನ್ನು ರದ್ದುಮಾಡಿತು. ಆ ವೇಳೆಗೆ ಆತನಿಗೆ ಐವತ್ತರ ಹತ್ತಿರ. ಅವನನ್ನು ಪ್ರೀತಿಸಿದವರು ತೀರ್ಪನ್ನು ಗೆಲವೆಂದರು, ದ್ವೇಷಿಸಿದವರು ನುಣುಚಿಕೊಂಡನೆಂದರು. ಆರೋಪಕ್ಕೆ ಆಧಾರ ಸಾಲದಿದ್ದರೆ ಹನ್ನೆರಡು ವರ್ಷ ಹೊರಗಿಟ್ಟದ್ದು ಅನ್ಯಾಯ. ಆಧಾರವಿದ್ದು ಮಂಡಳಿಯು ಅದನ್ನು ಕ್ರಮವಾಗಿ ಮಂಡಿಸದೆ ಹೋಗಿದ್ದರೆ ಅದು ಆಟಕ್ಕೇ ಮಾಡಿದ ಅನ್ಯಾಯ. ಎರಡೂ ಬದಿಯವರು ಕೇಳಬೇಕಾಗಿದ್ದ ಪ್ರಶ್ನೆ ಇದು. ಪ್ರೀತಿಯೂ ದ್ವೇಷವೂ ಅದನ್ನು ಕೇಳಗೊಡಲಿಲ್ಲ.

ಇನ್ನು ದೋಷ ಸಿದ್ಧವಾದಾಗ ಶಿಕ್ಷೆ ಎಷ್ಟಿರಬೇಕು? ಶಿಕ್ಷೆಯೇ ಬೇಡವೆಂಬ ಮಾತನ್ನು ಒಪ್ಪಲಾಗದು. ಒಬ್ಬನು ಹಣಕ್ಕೆ ಸೋತಾಗ ಅದೇ ತಂಡದಲ್ಲಿ ಬೆವರು ಸುರಿಸಿದ ಉಳಿದ ಹತ್ತು ಜನರ ಶ್ರಮವೂ ಅವನೊಡನೆ ಮಾರಾಟವಾಗಿರುತ್ತದೆ. ಅವರು ಬೆಲೆ ಕೇಳಿದವರೂ ಅಲ್ಲ, ಒಪ್ಪಿದವರೂ ಅಲ್ಲ. ಲಕ್ಕಮ್ಮನವರ ಅಕ್ಕಿಯನ್ನು ಹಿಂದಕ್ಕೆ ಸುರಿಯಬಹುದಿತ್ತು. ಆಡಿ ಮುಗಿದ ಪಂದ್ಯವನ್ನು ಹಾಗೆ ಹಿಂದಿರುಗಿಸಲಾಗದು. ಹಿಂದಿರುಗಿಸಲಾಗದ್ದನ್ನು ಕಳೆದವನು ತನ್ನ ಕಾಲವನ್ನಾದರೂ ತೆರಬೇಕು.

ಆದರೆ ಎಷ್ಟು ಕಾಲ? 2013ರ ಐಪಿಎಲ್ ಪ್ರಕರಣದಲ್ಲಿ ಕೇರಳದ ಶ್ರೀಶಾಂತನಿಗೆ ಮಂಡಳಿ ಆಜೀವ ನಿಷೇಧ ವಿಧಿಸಿತ್ತು. 2019ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜೀವ ನಿಷೇಧವನ್ನು ತೆಗೆದುಹಾಕಿ, ಶಿಕ್ಷೆಯ ಪ್ರಮಾಣವನ್ನು ಮರಳಿ ಆಲೋಚಿಸಬೇಕೆಂದಿತು. ಕೊನೆಗೆ ಅದು ಏಳು ವರ್ಷಕ್ಕೆ ಇಳಿದು 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಏಳು ಸರಿಯೋ ಐದು ಸರಿಯೋ ಎಂಬುದರಲ್ಲಿ ಮತಭೇದವಿರಲಿ. ಶಿಕ್ಷೆಗೆ ಒಂದು ಕೊನೆ ಇರಬೇಕೆಂಬುದೇ ಇಲ್ಲಿ ಮುಖ್ಯವಾದ ಮಾತು.

ತಪ್ಪು ಒಡೆಯರದಾಗಿ ಶಿಕ್ಷೆ ತಂಡಕ್ಕೆಲ್ಲ ಬಿದ್ದಾಗ ಇನ್ನೂ ತೊಡಕು. ಇಟಲಿಯ ಕಾಲ್ಚೆಂಡಿನಾಟದಲ್ಲಿ 2006ರಲ್ಲಿ ತೀರ್ಪುಗಾರರ ನೇಮಕದಲ್ಲಿ ಕೈಯಾಡಿಸಿದ ಹಗರಣ ಹೊರಬಿದ್ದು, ಯುವೆಂಟಸ್ ಎಂಬ ಹಳೆಯ ತಂಡದಿಂದ ಎರಡು ಪ್ರಶಸ್ತಿಗಳನ್ನು ಕಿತ್ತುಕೊಂಡು ಅದನ್ನು ಎರಡನೆಯ ದರ್ಜೆಗೆ ತಳ್ಳಿದರು. ದೂರವಾಣಿಯಲ್ಲಿ ಮಾತಾಡಿದವರು ಅಧಿಕಾರಿಗಳು. ಕೆಳದರ್ಜೆಯಲ್ಲಿ ಆಡಬೇಕಾದವರು ಆಟಗಾರರು. ಆ ಬೇಸಿಗೆಯಲ್ಲಿಯೇ ಇಟಲಿಗೆ ವಿಶ್ವಕಪ್ ಗೆದ್ದುಕೊಟ್ಟ ಬುಫಾನ್, ದೆಲ್ ಪಿಯೆರೊ ಮುಂತಾದವರು ಬೇರೆ ಶ್ರೀಮಂತ ತಂಡಗಳಿಗೆ ಹೋಗಬಹುದಾಗಿದ್ದರೂ ಅಲ್ಲಿಯೇ ನಿಂತು ಒಂದು ವರ್ಷ ಕೆಳಗೆ ಆಡಿ ತಂಡವನ್ನು ಮೇಲಕ್ಕೆ ತಂದರು. ತಮ್ಮದಲ್ಲದ ತಪ್ಪಿನ ದಂಡವನ್ನು ಹೀಗೆ ಗೊಣಗದೆ ತೆತ್ತವರನ್ನು ಎದುರು ತಂಡದ ಅಭಿಮಾನಿಯೂ ಹಗುರವಾಗಿ ನುಡಿಯಲಾರನು.

ದಂಡ ತೆತ್ತ ಮೇಲೆ ಬಾಗಿಲು ತೆರೆಯಬೇಕೆ? ಶರಣ ಪರಂಪರೆ ಇದನ್ನು ನಡೆದು ತೋರಿಸಿದೆ. ಕನ್ನದ ಮಾರಿತಂದೆಗಳು ಹಿಂದೆ ಕನ್ನ ಕೊರೆಯುತ್ತಿದ್ದವರು. ಆ ನೆನಪು ಅವರ ಹೆಸರಿನಲ್ಲಿಯೇ ಉಳಿದಿದೆ, ಆದರೂ ಅವರ ವಚನಗಳು ಶರಣರ ವಚನಗಳ ಸಾಲಿನಲ್ಲಿಯೇ ಇವೆ. ಉರಿಲಿಂಗಪೆದ್ದಿಗಳು ಕಳ್ಳತನ ಬಿಟ್ಟು ಉರಿಲಿಂಗದೇವರ ಶಿಷ್ಯರಾಗಿ, ಗುರುವಿನ ತರುವಾಯ ಆ ಮಠದ ಪೀಠವನ್ನೇ ಏರಿದರೆಂದು ಪರಂಪರೆ ಹೇಳುತ್ತದೆ. ಹಿಂದಿನದನ್ನು ಮುಚ್ಚಿಡಲಿಲ್ಲ, ಹಿಂದಿನದಕ್ಕಾಗಿ ಬಾಗಿಲನ್ನೂ ಮುಚ್ಚಲಿಲ್ಲ. ಇಲ್ಲಿ ಒಂದು ಭೇದವನ್ನು ಮರೆಯಬಾರದು. ಇಬ್ಬರೂ ಕಳ್ಳತನವನ್ನು ಬಿಟ್ಟು ಬಂದವರು. ತಾನು ಮಾಡಿದ್ದು ತಪ್ಪೇ ಅಲ್ಲವೆಂದು ಸಾಧಿಸುತ್ತಲೇ ಒಳಗೆ ಬರಬೇಕೆನ್ನುವವನಿಗೆ ಈ ದೃಷ್ಟಾಂತ ಸಲ್ಲದು.

ಹೀಗೆ ಕ್ಷಮಿಸಿದರೆ ನಾಳೆ ಇನ್ನೊಬ್ಬನಿಗೆ ಧೈರ್ಯ ಬಾರದೆ ಎಂಬ ಆಕ್ಷೇಪ ಹಗುರವಾದುದಲ್ಲ. ಪ್ರಾಮಾಣಿಕನಾಗಿ ಆಡುತ್ತ ಅವಕಾಶಕ್ಕಾಗಿ ಕಾದವನ ಜಾಗವನ್ನು ಮರಳಿ ಬಂದವನು ಆಕ್ರಮಿಸಿದರೆ ಕಾದವನಿಗೆ ಏನು ಸಮಾಧಾನ ಹೇಳುವುದು? ಇಂಗ್ಲೆಂಡಿನ ನಾಯಕನಾಗಿದ್ದ ಆಲಸ್ಟೇರ್ ಕುಕ್ಕನು ಈ ಎರಡು ಮಾತುಗಳ ನಡುವೆ ನಿಂತವನು. ಪಂದ್ಯ ಮಾರಿಕೊಂಡವರಿಗೆ ಇನ್ನು ಮುಂದೆ ಆಜೀವ ನಿಷೇಧವೇ ಆಗಬೇಕೆಂದು ಅವನ ಮತ. ಆದರೆ 2010ರ ಆ ಮೂವರಲ್ಲಿ ತಪ್ಪೊಪ್ಪಿಕೊಂಡು ಸೆರೆಮನೆಯನ್ನೂ ಐದು ವರ್ಷದ ನಿಷೇಧವನ್ನೂ ಮುಗಿಸಿ ಬಂದ ಮೊಹಮ್ಮದ್ ಅಮೀರನು ತನ್ನೆದುರು ಆಡುವುದಕ್ಕೆ ಅಡ್ಡಿಯಿಲ್ಲವೆಂದನು. ತಪ್ಪು ಮಾಡಿದಾಗ ಅವನಿಗಿನ್ನೂ ಹದಿನೆಂಟು ವರ್ಷ, ವಿಧಿಸಿದ್ದನ್ನು ಅವನು ತೀರಿಸಿದ್ದನು. 2016ರ ಜುಲೈಯಲ್ಲಿ ಅದೇ ಲಾರ್ಡ್ಸ್ ಮೈದಾನದಲ್ಲಿ ಅಮೀರನು ಚೆಂಡೆಸೆದನು. 81 ರನ್ ಗಳಿಸಿದ್ದ ಕುಕ್ಕನ ವಿಕೆಟ್ಟು ಉರುಳಿದ್ದು ಅವನ ಎಸೆತಕ್ಕೆ. ಲೆಕ್ಕದ ಪುಸ್ತಕದಲ್ಲಿ ಅದು ಉಳಿದೆಲ್ಲ ವಿಕೆಟ್ಟುಗಳಂತೆಯೇ ದಾಖಲಾಯಿತು.