ಚಿತ್ರ ತೆಗೆದವರು ಯಾರು?

ನಮ್ಮ ಕಡೆಯ ಮದುವೆಮನೆಗಳಲ್ಲಿ ಒಂದು ಪದ್ಧತಿ ಉಂಟು. ಉಂಡು ಕೈತೊಳೆದು ಬಂದವರು ವೀಳ್ಯ ಹಾಕಿಕೊಳ್ಳುತ್ತ ಕೇಳುವ ಮೊದಲ ಪ್ರಶ್ನೆ, 'ಅಡುಗೆ ಯಾರದ್ದು?' ಎಂಬುದು. ಗಂಡಿಗೆ ಎಲ್ಲಿ ಕೆಲಸ, ಹೆಣ್ಣು ಎಷ್ಟು ಓದಿದ್ದಾಳೆ ಎಂಬುದನ್ನು ಆಮೇಲೆ ವಿಚಾರಿಸಿದರೂ ಆದೀತು. ಸಾರು ಚೆನ್ನಾಗಿದ್ದರೆ ಸಾರು ಮಾಡಿದವರ ಹೆಸರು ಆಗಲೇ ತಿಳಿಯಬೇಕು. ಬಲ್ಲವರು ಹೆಸರು ಹೇಳುತ್ತಾರೆ. ಹೇಳುವುದರಲ್ಲಿ ಅವರಿಗೂ ಒಂದು ಸಂತೋಷ.

ಇದು ತೀರ ಸಣ್ಣ ಮಾತು. ಆದರೆ ಇಂಥದೇ ಒಂದು ಸಣ್ಣ ಪ್ರಶ್ನೆಗೆ ಕಳೆದ ವರ್ಷ ನಾನು ತಪ್ಪು ಉತ್ತರ ಕೊಟ್ಟೆ, ಗೊತ್ತಿದ್ದೂ ಕೊಟ್ಟೆ. ಅಡುಗೆಯ ವಿಷಯದಲ್ಲಲ್ಲ, ಒಂದು ಭಾವಚಿತ್ರದ ವಿಷಯದಲ್ಲಿ. ಅಂದಿನಿಂದ ಆ ಉತ್ತರ ನನ್ನನ್ನು ಬಿಡದೆ ಕಾಡುತ್ತಿದೆ. ತರಗತಿಯಲ್ಲಿ ಇಪ್ಪತ್ತು ವರ್ಷ ಸತ್ಯದ ಮೇಲೆ ಪಾಠ ಹೇಳಿದವನಿಗೆ ಇದು ಆಗಬೇಕಾದ ಶಾಸ್ತಿಯೇ ಇರಬಹುದು.

ನನ್ನ ಅಕ್ಕನ ಮಗಳ ಮದುವೆ ಕುಂದಾಪುರದ ಸಮೀಪದ ಒಂದು ಸಭಾಭವನದಲ್ಲಿ ನಡೆಯಿತು. ಭಾವನವರದು ಬೆಂಗಳೂರಿನಲ್ಲಿ ಹೋಟೆಲು. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಿಂದ ಬೆಂಗಳೂರಿಗೋ ಮುಂಬಯಿಗೋ ಹೋಗಿ ಹೋಟೆಲು ಇಟ್ಟವರ ಮನೆಗಳಲ್ಲೆಲ್ಲ ಒಂದೇ ಕ್ರಮ: ದುಡಿಮೆ ಅಲ್ಲಿ, ಮದುವೆ ಇಲ್ಲಿ. ಮದುವೆಯ ಏರ್ಪಾಡುಗಳೂ ಈಗ ಅಲ್ಲಿಂದಲೇ ಆಗುತ್ತವೆ. ಫೋಟೋ ತೆಗೆಯುವುದಕ್ಕೆ ಭಾವನವರು ನಗರದ ಒಂದು ದೊಡ್ಡ ಕಂಪೆನಿಗೆ ಹೇಳಿದ್ದರು. ಹಲವು ಊರುಗಳಲ್ಲಿ ಅದರ ವ್ಯವಹಾರವಿದೆಯಂತೆ. ಮುಂಗಡ ಕೊಟ್ಟು, ಕರಾರಿಗೆ ರುಜು ಹಾಕಿದರೆ ಆಯಿತು. ಮುಹೂರ್ತದ ದಿನ ಜನ ಬಂದು ನಿಲ್ಲುತ್ತಾರೆ.

ಬಂದು ನಿಂತರು. ಮೂವರು, ಮೂವರ ಮೈಮೇಲೂ ಎದೆಯಲ್ಲಿ ಕಂಪೆನಿಯ ಹೆಸರು ಮುದ್ರಿಸಿದ ಕಪ್ಪು ಅಂಗಿ. ಅವರಲ್ಲೊಬ್ಬ ನನ್ನನ್ನು ಕಂಡು ಕ್ಯಾಮರಾ ಕೆಳಗಿಳಿಸಿ ಕೈಮುಗಿದ. ನೋಡಿದರೆ ನನ್ನ ಹಳೆಯ ವಿದ್ಯಾರ್ಥಿ! ಬ್ರಹ್ಮಾವರದ ಕಡೆಯವನು, ಸ್ವಂತ ಸ್ಟುಡಿಯೋ ಇಟ್ಟವನು. ನಾನು ಸಂತೋಷದಿಂದ ಅವನ ಸ್ಟುಡಿಯೋದ ಸುದ್ದಿ ತೆಗೆಯುವಷ್ಟರಲ್ಲಿ ಆತ ಸ್ವರ ತಗ್ಗಿಸಿ, 'ಸರ್, ನನ್ ಸ್ಟುಡಿಯೋ ಸುದ್ದಿ ಇಲ್ಲಿ ಹೇಳುದ್ ಬ್ಯಾಡ. ಇವತ್ತ್ ನಾನ್ ಕಂಪೆನಿ ಜನ' ಎಂದ.

ಆಮೇಲೆ ಬಿಡುವಿನಲ್ಲಿ ತಿಳಿಸಿದ. ಕಂಪೆನಿಯಲ್ಲಿ ಅವನಿಗೆ ನೌಕರಿಯೇನೂ ಇಲ್ಲ. ಕೆಲಸವಿದ್ದ ದಿನ ಕರೆ ಬರುತ್ತದೆ. ದಿನಕ್ಕೆ ಇಷ್ಟು ಎಂದು ಸಂಬಳ. ಕ್ಯಾಮರಾ ಅವನದು, ಲೆನ್ಸು ಅವನದು, ಅವಕ್ಕಾಗಿ ಮಾಡಿದ ಸಾಲವೂ ಅವನದು. ತೆಗೆದ ಚಿತ್ರಗಳೆಲ್ಲ ಆ ರಾತ್ರಿಯೇ ಕಂಪೆನಿಗೆ ಸಲ್ಲಬೇಕು. ಮದುವೆಮನೆಯವರಿಗೆ ತನ್ನ ವಿಳಾಸದ ಚೀಟಿ ಕೊಡಕೂಡದು. ತೆಗೆದ ಚಿತ್ರವನ್ನು ತನ್ನದೆಂದು ಎಲ್ಲಿಯೂ ತೋರಿಸಕೂಡದು. ಮಳೆಗಾಲದಲ್ಲಿ ಮುಹೂರ್ತಗಳಿಲ್ಲ, ಆಗ ಪಾಸ್‌ಪೋರ್ಟ್ ಅಳತೆಯ ಫೋಟೋ, ಚೌಕಟ್ಟು ಹಾಕುವ ಕೆಲಸ, ಇಷ್ಟರಲ್ಲೇ ಕಾಲ ನೂಕಬೇಕು. 'ಎಂತ ಮಾಡುದ್ ಸರ್?' ಎಂದು ನಕ್ಕ.

ಕುಂದಾಪುರದ ಮದುವೆಗೆ ಬ್ರಹ್ಮಾವರದವನನ್ನು ಬೆಂಗಳೂರಿನ ದಾರಿಯಾಗಿ ಕರೆಸಿಕೊಂಡಂತಾಯಿತಲ್ಲ ಎಂದು ನನಗೂ ನಗು ಬಂತು. ಹಿಂದೆ ಹೀಗಿರಲಿಲ್ಲ. ಪೇಟೆಯ ಸ್ಟುಡಿಯೋದವರು ಮನೆಯ ಜನರಂತೆಯೇ ಇದ್ದರು. ಅಜ್ಜನ ಷಷ್ಟ್ಯಬ್ದಿಗೆ ಚಿತ್ರ ತೆಗೆದವರೇ ಮೊಮ್ಮಗನ ನಾಮಕರಣಕ್ಕೂ ಬರುತ್ತಿದ್ದರು. ಯಾವ ಚಿಕ್ಕಪ್ಪನಿಗೂ ಯಾವ ದೊಡ್ಡಪ್ಪನಿಗೂ ಮಾತಿಲ್ಲ, ಅವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಬಾರದು ಎಂಬುದು ಅವರಿಗೆ ತಿಳಿದಿತ್ತು. ಚಿತ್ರ ಕೆಟ್ಟರೆ ಪೇಟೆಯಲ್ಲಿ ಎದುರಾದಾಗ ಬೈಯಲು ಒಂದು ಮುಖವಿತ್ತು. ಚೆನ್ನಾಗಿದ್ದರೆ ಹೊಗಳಲು ಒಂದು ಹೆಸರಿತ್ತು.

ಮಧ್ಯಾಹ್ನ ನನ್ನ ಅಮ್ಮ ಊಟದ ಮನೆಯ ಕಿಟಕಿಯ ಪಕ್ಕದಲ್ಲಿ ವೀಳ್ಯದ ಹರಿವಾಣ ಇಟ್ಟುಕೊಂಡು ಕುಳಿತಿದ್ದರು. ಆತ ಅವರತ್ತ ಕ್ಯಾಮರಾ ಹಿಡಿದ. 'ನಂದ್ ಎಂತಕೆ? ಮದ್ಮಗಳದ್ ತೆಗಿ' ಎಂದು ಅಮ್ಮ ಗದರಿದರು. ಗದರಿದವರು ಒಡನೆಯೇ, 'ಉಂಡ್ಯಾ ಮಗಾ?' ಎಂದು ಕೇಳಿದರು. ಅವನು ಉಂಡಿರಲಿಲ್ಲ. ಬೆಳಗಿನಿಂದ ಸಾವಿರ ಜನಕ್ಕೆ ಬಡಿಸಿದ ಆ ಮನೆಯಲ್ಲಿ ಅವನನ್ನು ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ಹಾಗೆ ಕೇಳುತ್ತಿರುವ ಮುಖ ಆ ಚಿತ್ರದಲ್ಲಿ ಉಳಿಯಿತು.

ಆ ಮಳೆಗಾಲದಲ್ಲೇ ಅಮ್ಮ ತೀರಿಕೊಂಡರು. ಮದುವೆಯ ಆಲ್ಬಮಿನಿಂದ ಅದೇ ಚಿತ್ರವನ್ನು ದೊಡ್ಡದು ಮಾಡಿಸಿ ಉತ್ತರಕ್ರಿಯೆಯ ದಿನ ಹೂಮಾಲೆ ಹಾಕಿ ಇಟ್ಟೆವು. ಮೂಲೆಯಲ್ಲಿ ಹೊಂಬಣ್ಣದ ಸಣ್ಣ ಅಕ್ಷರಗಳಲ್ಲಿ ಕಂಪೆನಿಯ ಮುದ್ರೆ. ಬಂದವರೆಲ್ಲ ಅದರ ಎದುರು ಒಂದು ಗಳಿಗೆ ಹೆಚ್ಚೇ ನಿಲ್ಲುತ್ತಿದ್ದರು. 'ಮಾತಾಡಿದ ಹಾಗೇ ಉಂಟಲ್ಲ! ಯಾರು ತೆಗೆದದ್ದು?' ಎಂದು ಹಿರಿಯರೊಬ್ಬರು ಕೇಳಿದರು. ನಾನು, 'ಬೆಂಗಳೂರಿನ ಕಂಪೆನಿಯವರು. ಭಾವ ಏರ್ಪಾಡು ಮಾಡಿದ್ದು' ಎಂದೆ. ಎಂದವನು ತಿರುಗಿ ನೋಡುತ್ತೇನೆ, ಅವರ ಹಿಂದೆಯೇ ಅವನು ನಿಂತಿದ್ದಾನೆ! ಸುದ್ದಿ ತಿಳಿದು ಬ್ರಹ್ಮಾವರದಿಂದ ಬಂದಿದ್ದ. ಏನೂ ಹೇಳಲಿಲ್ಲ. ಅಮ್ಮನ ಚಿತ್ರಕ್ಕೆ ಕೈಮುಗಿದು, ಊಟ ಮಾಡಿಕೊಂಡು ಹೋದ.

ನಾನು ಹೇಳಿದ್ದು ಸುಳ್ಳೇ? ಕಂಪೆನಿಯೊಡನೆ ಏರ್ಪಾಡಾದದ್ದು ನಿಜ, ಹಣ ಅದಕ್ಕೆ ಸಂದದ್ದು ನಿಜ, ಮುದ್ರೆ ಅದರದೇ ಎಂಬುದೂ ನಿಜ. ಸಾಲದ್ದಕ್ಕೆ ತನ್ನ ವಿಷಯ ಹೇಳಬೇಡಿರೆಂದು ಅವನೇ ಕೇಳಿಕೊಂಡಿದ್ದ. ವಕೀಲರೊಬ್ಬರು ನನ್ನ ಪರವಾಗಿ ನಿಂತರೆ ಗೆದ್ದಾರು. ಆದರೂ ಅಷ್ಟು ನಿಜಗಳನ್ನು ಒಟ್ಟುಮಾಡಿ ನಾನು ಕೊಟ್ಟ ಉತ್ತರ ನಿಜವಾಗಿರಲಿಲ್ಲ ಎಂಬುದನ್ನು ಅವನೂ ಬಲ್ಲ, ನಾನೂ ಬಲ್ಲೆ.

ಇದು ಇಂದು ನಿನ್ನೆಯ ರೋಗವೇನೂ ಅಲ್ಲ. ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗ, 1862ರಲ್ಲಿ, ಮ್ಯಾಥ್ಯೂ ಬ್ರೇಡಿ ಎಂಬ ಹೆಸರಾಂತ ಸ್ಟುಡಿಯೋ ಯಜಮಾನ ನ್ಯೂಯಾರ್ಕಿನ ತನ್ನ ಚಿತ್ರಶಾಲೆಯಲ್ಲಿ ಆಂಟೀಟಮ್ ರಣರಂಗದಲ್ಲಿ ಮಡಿದವರ ಚಿತ್ರಗಳನ್ನು ಪ್ರದರ್ಶಿಸಿದ. ಯುದ್ಧವೆಂದರೇನೆಂಬುದನ್ನು ಆ ನಗರದ ಜನ ಕಣ್ಣಾರೆ ಕಂಡು ತಲ್ಲಣಿಸಿದರು. ಬ್ರೇಡಿಯ ಕೀರ್ತಿ ಎಲ್ಲೆಡೆ ಹರಡಿತು. ಆ ಚಿತ್ರಗಳನ್ನು ತೆಗೆದವರಾದರೋ ಅವನ ಕೈಕೆಳಗಿದ್ದ ಅಲೆಕ್ಸಾಂಡರ್ ಗಾರ್ಡ್‌ನರ್ ಮತ್ತು ಜೇಮ್ಸ್ ಗಿಬ್ಸನ್. ಗಾರ್ಡ್‌ನರ್ ಮುಂದೆ ಬ್ರೇಡಿಯನ್ನು ಬಿಟ್ಟು ತನ್ನದೇ ಸ್ಟುಡಿಯೋ ತೆರೆದ. 1866ರಲ್ಲಿ ಯುದ್ಧದ ಚಿತ್ರಗಳ ಪುಸ್ತಕವನ್ನು ಪ್ರಕಟಿಸಿದಾಗ, ಟಿಮೊಥಿ ಓಸಲಿವನ್ ಮೊದಲಾಗಿ ಯಾರು ಯಾವ ಚಿತ್ರ ತೆಗೆದರೋ ಅವರವರ ಹೆಸರನ್ನು ಆಯಾ ಚಿತ್ರದ ಜೊತೆಗೇ ಅಚ್ಚು ಹಾಕಿಸಿದ. ಈಗ ತಾನೇ ಯಜಮಾನ. ಬ್ರೇಡಿಯಂತೆ ಎಲ್ಲಕ್ಕೂ ತನ್ನ ಹೆಸರು ಹಾಕಿಕೊಳ್ಳಬಹುದಿತ್ತು. ತಾನು ಉಂಡ ಕಹಿಯನ್ನು ಇನ್ನೊಬ್ಬರಿಗೆ ಬಡಿಸಲಿಲ್ಲ. ಮುಂದೆ 1947ರಲ್ಲಿ ರಾಬರ್ಟ್ ಕಾಪಾ, ಕಾರ್ಟಿಯೇ-ಬ್ರೆಸ್ಸೋನ್ ಮುಂತಾದವರು 'ಮ್ಯಾಗ್ನಮ್' ಎಂಬ ಸಹಕಾರ ಸಂಸ್ಥೆಯನ್ನು ಕಟ್ಟಿ, ಚಿತ್ರದ ಹಕ್ಕು ತೆಗೆದವರಲ್ಲೇ ಉಳಿಯಬೇಕೆಂಬ ನಿಯಮವನ್ನು ಇಟ್ಟುಕೊಂಡರು.

ನಮ್ಮ ದೇಶದ ಕಾನೂನೇನು ಹೇಳುತ್ತದೆಂದು ನೋಡಿದೆ. 1957ರ ಕೃತಿಸ್ವಾಮ್ಯದ ಕಾಯಿದೆ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಇಡುತ್ತದೆ. ಛಾಯಾಚಿತ್ರದ ಕರ್ತೃ ಯಾರು? ಅದನ್ನು ತೆಗೆದ ವ್ಯಕ್ತಿ. ಒಡೆಯ ಯಾರು? ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದವನು. ತೆಗೆಸಿದವರು ನಾವೆಂದು ಮದುವೆಮನೆಯವರೂ, ನಾವೆಂದು ಕಂಪೆನಿಯವರೂ ಜಗಳಾಡಬಹುದು. ಆ ಜಗಳದಲ್ಲಿ ಕ್ಯಾಮರಾ ಹಿಡಿದವನಿಗೆ ಪಾಲಿಲ್ಲ. ಆದರೆ ಅದೇ ಕಾಯಿದೆಯ 57ನೆಯ ಕಲಮಿನಲ್ಲಿ ಇನ್ನೊಂದು ಮಾತಿದೆ. ಹಕ್ಕುಗಳನ್ನು ಪರರಿಗೆ ವಹಿಸಿಕೊಟ್ಟ ಮೇಲೂ 'ಇದರ ಕರ್ತೃ ನಾನು' ಎಂದು ಹೇಳಿಕೊಳ್ಳುವ ಅಧಿಕಾರ ಕರ್ತೃವಿಗೆ ಉಳಿದಿರುತ್ತದೆ. ಒಡೆತನ ಕೈ ಬದಲಾಯಿಸಬಹುದು. ಮಾಡಿದವನು ಬದಲಾಗುವುದು ಹೇಗೆ? ಕಾನೂನಿಗೆ ಇಷ್ಟು ವಿವೇಕವಿದೆ. ಆದರೆ ಮುಂದಿನ ಬೇಸಗೆಗೆ ಕರೆ ಬರಬೇಕಾದವನು ಕಲಮು ಹಿಡಿದು ಜಗಳಕ್ಕೆ ನಿಲ್ಲುವನೇ?

ಕಂಪೆನಿಯ ಪರವಾಗಿಯೂ ಹೇಳುವುದಿದೆ. ಪರವೂರಿನಲ್ಲಿ ಕುಳಿತವನಿಗೆ ಅದು ನಂಬಿಕೆ ಕೊಡುತ್ತದೆ. ಒಬ್ಬ ಜ್ವರ ಬಂದು ಮಲಗಿದರೆ ಇನ್ನೊಬ್ಬನನ್ನು ಕಳಿಸುತ್ತದೆ. ಸ್ಟುಡಿಯೋಕ್ಕೆ ಎಂದೂ ಬಾರದಿದ್ದ ಗಿರಾಕಿಯ ಮದುವೆಯನ್ನು ನನ್ನ ವಿದ್ಯಾರ್ಥಿಗೆ ತಂದುಕೊಟ್ಟದ್ದೂ ಅದೇ. ತನ್ನ ಗಿರಾಕಿಯನ್ನು ಅವನು ಸೆಳೆದುಕೊಳ್ಳಬಾರದೆಂದು ಅದು ಬಯಸಿದರೆ ಅನ್ಯಾಯವೆನ್ನಲಾರೆ. ಅದು ವ್ಯಾಪಾರದ ಮಾತು. ಕೂಲಿ ಎಷ್ಟು, ಎಂದು ಸಲ್ಲಬೇಕು ಎಂಬುದೂ ವ್ಯಾಪಾರದ ಮಾತೇ. ಅದನ್ನು ಕೇಳುವುದಕ್ಕೆ ಸಂಘಟನೆ ಬೇಕು. ನಮ್ಮ ಎರಡು ಜಿಲ್ಲೆಗಳ ಛಾಯಾಗ್ರಾಹಕರಿಗೆ ಸೌತ್ ಕೆನರಾ ಫೋಟೋಗ್ರಾಫರ್ಸ್ ಅಸೋಸಿಯೇಶನ್ ಎಂಬ ಸಂಘವಿದೆ; ಕುಂದಾಪುರ-ಬೈಂದೂರಿಗೂ ಬ್ರಹ್ಮಾವರಕ್ಕೂ ಅದರ ವಲಯಗಳಿವೆ. ಆದರೆ ಹೆಸರು ಬೇರೆ. 'ಇದನ್ನು ಮಾಡಿದವರು ಯಾರು?' ಎಂಬ ಪ್ರಶ್ನೆಗೆ ಉತ್ತರ ಒಂದೇ. ಅದನ್ನು ಹಣ ಕೊಟ್ಟು ಬದಲಾಯಿಸಲು ಬರುವುದಿಲ್ಲ. ಮುಚ್ಚಿಡಲು ಮಾತ್ರ ಬರುತ್ತದೆ.

ಯಕ್ಷಗಾನದ ಮೇಳಗಳನ್ನು ನೋಡಿರಿ. ಡೇರೆ ಯಜಮಾನರದು, ಬಂಡವಾಳ ಯಜಮಾನರದು, ಕಲಾವಿದರಿಗೆ ಒಂದು ತಿರುಗಾಟಕ್ಕೆ ಇಷ್ಟು ಎಂಬ ಕರಾರು. ಆದರೂ ಕರಪತ್ರದಲ್ಲಿ ಭಾಗವತರಿಂದ ಹಿಡಿದು ಹಾಸ್ಯಗಾರನವರೆಗೆ ಹೆಸರುಗಳಿರುತ್ತವೆ. ವೇಷಧಾರಿಯ ಹೆಸರನ್ನು ಬಚ್ಚಿಟ್ಟ ಯಜಮಾನರು ನಮ್ಮ ಕಡೆ ಇಲ್ಲ. ಹೆಸರು ಹೇಳಿದ್ದರಿಂದ ಯಾವ ಮೇಳವೂ ಮುಳುಗಲಿಲ್ಲ.

'ಹಾಗಾದರೆ ನಿಮ್ಮ ಮನೆಯ ಗೋಡೆ ಕಟ್ಟಿದ ಮೇಸ್ತ್ರಿಯ ಹೆಸರು ಗೋಡೆಯ ಮೇಲಿದೆಯೋ?' ಎಂದು ಓದುಗರು ಕೇಳಬಹುದು. ಇಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ತಾನು ಕೆತ್ತಿದ ವಿಗ್ರಹಗಳ ಕೆಳಗೆ ಹೆಸರು ಬರೆದುಕೊಂಡ. ಅವನ ಜೊತೆ ಉಳಿ ಹಿಡಿದ ಎಷ್ಟೋ ಜನರ ಹೆಸರು ನಮಗೆ ತಿಳಿಯದು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರತಿವರ್ಷ ಪಾಠ ಹೇಳುತ್ತೇನೆ. ಬರೆಯಿಸಿದವಳ ಹೆಸರುಂಟು, ಕವಿಯ ಹೆಸರುಂಟು. ಬೆರಳು ಸವೆಸಿ ಬರೆದ ಲಿಪಿಕಾರರು ಯಾರೆಂದು ಕೇಳಿದರೆ ಉತ್ತರವಿಲ್ಲ. ಲೋಕ ಮರೆಯುತ್ತದೆ. ಎಲ್ಲ ಹೆಸರುಗಳನ್ನೂ ಹೊತ್ತು ನಡೆಯುವ ಶಕ್ತಿ ಅದಕ್ಕಿಲ್ಲ. ಆದರೆ ಮರೆಯುವುದು ಬೇರೆ, ಮರೆಸುವುದು ಬೇರೆ. ಮೇಸ್ತ್ರಿಯ ಹೆಸರು ಗೋಡೆಯ ಮೇಲಿಲ್ಲ ನಿಜ. ಯಾರಾದರೂ ಕೇಳಿದರೆ ಹೇಳಕೂಡದೆಂಬ ಕರಾರೂ ಇಲ್ಲ.

ಇಲ್ಲಿಗೆ ಬಂದಾಗ ನನ್ನ ತಪ್ಪು ನನಗೆ ಸ್ಪಷ್ಟವಾಯಿತು. ಆ ಕರಾರಿಗೆ ರುಜು ಹಾಕಿದವನು ಅವನು. ಅವನ ಬಾಯಿ ಕಟ್ಟಿದೆ, ಹೊಟ್ಟೆಪಾಡಿಗಾಗಿ ಕಟ್ಟಿಸಿಕೊಂಡಿದ್ದಾನೆ. ನನ್ನ ಬಾಯಿಯನ್ನು ಯಾರು ಕಟ್ಟಿದ್ದರು? ಮದುವೆಯ ದಿನ ಅವನು ಬೇಡಿಕೊಂಡ ಮೌನ ಆ ಒಂದು ದಿನದ್ದು. ಅದನ್ನು ನಾನು ಸೋಮಾರಿತನದಿಂದ ಅಮ್ಮನ ಉತ್ತರಕ್ರಿಯೆಯವರೆಗೂ ಎಳೆದುಕೊಂಡು ಬಂದೆ. ಸೋಮಾರಿತನವಷ್ಟೇ ಆಗಿದ್ದರೂ ಚಿಂತೆಯಿರಲಿಲ್ಲ. 'ಬೆಂಗಳೂರಿನ ಕಂಪೆನಿ' ಎನ್ನುವಾಗ ನಾಲಗೆಗೆ ಸ್ವಲ್ಪ ಹೆಮ್ಮೆಯೂ ಆಗಿತ್ತೆಂಬುದನ್ನು ಒಪ್ಪಿಕೊಳ್ಳುತ್ತೇನೆ. ದೊಡ್ಡ ಹೆಸರಿಗೆ ಹಣ ಕೊಟ್ಟವರಿಗೆ ಸಣ್ಣ ಹೆಸರನ್ನು ಹೇಳಲು ಸಂಕೋಚ. ಹೆಸರು ಮರೆಸುವ ಕೆಲಸವನ್ನು ಕಂಪೆನಿಯೊಂದೇ ಮಾಡುತ್ತಿಲ್ಲ. ನಮ್ಮಂಥ ಗಿರಾಕಿಗಳು ಅದಕ್ಕೆ ಕೈಜೋಡಿಸಿದ್ದೇವೆ. ಹೇಳಬಾರದೆಂದು ಅವನಿಗೆ ಇರುವ ನಿರ್ಬಂಧವೇ ಹೇಳಬೇಕೆಂಬ ಹೊಣೆಯನ್ನು ನಮಗೆ ತಂದಿದೆ.

ಕಳೆದ ತಿಂಗಳು ಅವನ ಸ್ಟುಡಿಯೋಕ್ಕೆ ಹೋದೆ. ಗೋಡೆಯ ತುಂಬ ಹಳೆಯ ಮದುವೆಗಳು. ಇತ್ತೀಚಿನ ಒಂದೂ ಇಲ್ಲ. ಅವನ ಒಳ್ಳೆಯ ಕೆಲಸವೆಲ್ಲ ಬೇರೆಯವರ ಗೋಡೆಯ ಮೇಲಿದೆ. ಅಂದು ಹಾಗೆ ಹೇಳಿದ್ದಕ್ಕೆ ಕ್ಷಮೆ ಕೇಳಿದೆ. ಅವನಿಗೆ ನಾಚಿಕೆಯಾಯಿತು. 'ಅಮ್ಮ ಊಟ ಆಯ್ತಾ ಕೇಂಡ್ರಲೆ ಸರ್, ಅದೇ ಸಾಕ್' ಎಂದ. ಸಾಕೆಂದು ಹೇಳುವುದು ಅವನ ದೊಡ್ಡತನ. ಸಾಕೆಂದು ನಾನು ಕೇಳಿ ಸುಮ್ಮನಾದರೆ ಅದು ನನ್ನ ಸಣ್ಣತನ. ಇನ್ನು ಮುಂದೆ ಕೇಳಿದವರಿಗೆ ಹೆಸರು ಹೇಳಬಹುದೋ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, 'ಹೆಸ್ರ್ ಹೇಳಿ ಸರ್. ಫೋನ್ ನಂಬ್ರ ಮಾತ್ರ ಕೊಡ್ಬೇಡಿ' ಎಂದು ನಕ್ಕ. ನಾನು ಇಷ್ಟು ಪುಟ ಬರೆದು ಬಿಡಿಸಿದ ಗಂಟನ್ನು ಆತ ಎರಡು ಮಾತಿನಲ್ಲಿ ಬಿಡಿಸಿದ್ದ.

ಮನೆಗೆ ಬಂದವನು ಅಮ್ಮನ ಚಿತ್ರವನ್ನು ಗೋಡೆಯಿಂದ ಇಳಿಸಿ, ಹಿಂಬದಿಯಲ್ಲಿ ಮದುವೆಯ ತಾರೀಖು, ಸ್ಥಳ, ಅವನ ಹೆಸರು ಬರೆದೆ. ಮತ್ತೆ ತೂಗುಹಾಕಿದ ಮೇಲೆ ಹೊಳೆಯಿತು: ಕಂಪೆನಿಯ ಮುದ್ರೆ ಜನರ ಕಡೆಗಿದೆ, ಅವನ ಹೆಸರು ಗೋಡೆಯ ಕಡೆಗಿದೆ. ಆದ್ದರಿಂದ ಬರೆದದ್ದು ಸಾಲದು. ಕೇಳಿದವರಿಗೆಲ್ಲ ಬಾಯಲ್ಲೇ ಹೇಳಬೇಕು. ಯಾರಾದರೂ ಮನೆಗೆ ಬಂದರೆ ಈಗ ನಾನು ಕಾಯುತ್ತಿರುತ್ತೇನೆ, 'ಇದನ್ನು ತೆಗೆದವರು ಯಾರು?' ಎಂದು ಅವರು ಕೇಳಲಿ ಎಂದು.