ಒರಳುಕಲ್ಲಿನ ತಾಯಿ

ಒಂದು ಚಿತ್ರದ ಸಲುವಾಗಿ ನಮ್ಮ ಮನೆಯಲ್ಲಿ ನಡೆದ ವಾದವೊಂದನ್ನು ನಿಮ್ಮ ಮುಂದಿಡುತ್ತಿದ್ದೇನೆ. ವಾದ ನನಗೂ ನನ್ನ ತಾಯಿಗೂ. ಮರಿಯಮ್ಮನವರ ಹುಟ್ಟುಹಬ್ಬಕ್ಕೆ ಇನ್ನೊಂದು ವಾರವಿರುವಾಗ ಬೆಂಗಳೂರಿನಿಂದ ಬಂದಿದ್ದ ಸಿಸ್ಟರ್ ಒಬ್ಬರು ನನಗೆ ಅಂಗೈಯಗಲದ ಒಂದು ಚಿತ್ರದ ಕಾರ್ಡ್ ಕೊಟ್ಟು ಹೋದರು. ನಾನು ಅದನ್ನು ದೇವರ ಗೂಡಿನಲ್ಲಿ, ವೇಳಾಂಕಣ್ಣಿ ಮಾತೆಯ ಸ್ವರೂಪದ ಪಕ್ಕದಲ್ಲಿ ಒರಗಿಸಿಟ್ಟೆ. ಸಂಜೆ ಜಪಸರಕ್ಕೆ ಕುಳಿತ ಅಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ, "ಇದನ್ನು ಇಲ್ಲಿಂದ ತೆಗೆ" ಎಂದರು.

ಚಿತ್ರದಲ್ಲಿರುವುದು ತಾಯಿ ಮತ್ತು ಮಗು. ತಾಯಿ ತಲೆಯೆತ್ತಿ ನಿಂತ ರಾಣಿಯಲ್ಲ. ಅವಳ ಮೈಯೇ ಒರಳುಕಲ್ಲಿನಂತೆ ದುಂಡಾಗಿ ಬಾಗಿದೆ. ಒರಳಿನ ಕುಳಿಯಲ್ಲಿ ಗುಂಡುಕಲ್ಲು ಕುಳಿತಂತೆ ಮಗು ಅವಳೊಳಗೆ ಕುಳಿತಿದೆ. ‘ದಲಿತ ಮಡೋನ್ನಾ’ ಎಂದು ಇದರ ಹೆಸರು. ಮೂಲಚಿತ್ರ ಬ್ರಿಟನ್ನಿನ ಮೆಥಡಿಸ್ಟ್ ಸಭೆಯ ಕಲಾಸಂಗ್ರಹದಲ್ಲಿದೆ. ಬರೆದವರು ನಮ್ಮ ರಾಜ್ಯದಲ್ಲೇ, ಬೆಂಗಳೂರಿನ ಉತ್ತರಕ್ಕಿರುವ ಸಿಲ್ವೆಪುರದಲ್ಲಿ ನೆಲೆಸಿದ ಜ್ಯೋತಿ ಸಾಹಿ. ಹೆಸರು ಕೇಳಿ ಹೆಂಗಸು ಎಂದುಕೊಳ್ಳಬೇಡಿ. ನಾನೂ ಮೊದಲು ಹಾಗೆಯೇ ತಪ್ಪು ತಿಳಿದಿದ್ದೆ.

ಅಮ್ಮನ ಮಾತಿಗೆ ಬರುವ ಮೊದಲು ಈ ಚಿತ್ರಕಾರರ ಬಗ್ಗೆ ಸ್ವಲ್ಪ ಹೇಳಬೇಕು. ಸಾಹಿಯವರು ಹುಟ್ಟಿದ್ದು 1944ರಲ್ಲಿ, ಪುಣೆಯಲ್ಲಿ. ತಂದೆ ಪಂಜಾಬಿನ ಹಿಂದೂ, ತಾಯಿ ಇಂಗ್ಲೆಂಡಿನವರು. ಲಂಡನ್ನಿನ ಕ್ಯಾಂಬರ್‌ವೆಲ್ ಕಲಾಶಾಲೆಯಲ್ಲಿ ಓದಿ ಬಂದ ಮೇಲೆ ಕೇರಳದ ಕುರಿಸುಮಲೆ ಆಶ್ರಮದಲ್ಲಿ ಬೀಡ್ ಗ್ರಿಫಿತ್ಸ್ ಸ್ವಾಮಿಗಳ ಒಡನಾಟದಲ್ಲಿ ಇದ್ದರು. 1970ರ ದಶಕದಲ್ಲಿ ಹೆಂಡತಿ ಜೇನ್ ಅವರೊಂದಿಗೆ ಸಿಲ್ವೆಪುರಕ್ಕೆ ಬಂದರು. ಸಿಲ್ವೆಪುರ ಎಂದರೆ ಶಿಲುಬೆಯ ಊರು. ಜೇನ್ ಅವರು ಅಲ್ಲಿ ಹಳ್ಳಿಯ ಮಕ್ಕಳಿಗಾಗಿ ಸೀತಾ ಶಾಲೆಯನ್ನು ಕಟ್ಟಿದರು. ಗಂಡ ಕಲಾ ಆಶ್ರಮವನ್ನು ನಡೆಸಿದರು. ಅಮಲೋರ್‌ಪವದಾಸ್ ಸ್ವಾಮಿಗಳು 1967ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭಿಸಿದ ರಾಷ್ಟ್ರೀಯ ಬೈಬಲ್ ಮತ್ತು ಪೂಜಾವಿಧಿ ಕೇಂದ್ರದ ಪ್ರಾರ್ಥನಾಲಯಕ್ಕೂ ಇವರು ದುಡಿದಿದ್ದಾರೆ. ಜರ್ಮನಿಯ ದೇವಾಲಯಗಳಲ್ಲಿ ತಪಸ್ಸುಕಾಲಕ್ಕೆಂದು ತೂಗುಹಾಕುವ ‘ಹಸಿವಿನ ವಸ್ತ್ರ’ವೊಂದನ್ನೂ ಬರೆದುಕೊಟ್ಟಿದ್ದಾರೆ. ಪುಸ್ತಕಗಳನ್ನೂ ಬರೆದಿದ್ದಾರೆ. ಆದರೆ ನನಗೆ ಮುಖ್ಯವಾಗಿ ಕಂಡದ್ದು ಬೇರೆ. ದೊಡ್ಡ ನಗರದ ಚಿತ್ರಶಾಲೆಗಳ ಗದ್ದಲವನ್ನು ಬಿಟ್ಟು ಒಂದು ಹಳ್ಳಿಯಲ್ಲಿ ಮನೆ ಮಾಡಿ, ಅಲ್ಲಿನ ಅಡಿಗೆಮನೆ, ಮರ, ಮಣ್ಣು, ಕಲ್ಲುಗಳನ್ನು ಹತ್ತಾರು ವರ್ಷ ನೋಡಿದವರು ಇವರು. ಒರಳನ್ನು ತಾಯಿಕಲ್ಲು ಎಂದೂ ಗುಂಡನ್ನು ಅದರ ಹೊಟ್ಟೆಯಲ್ಲಿ ಆಡುವ ಮಗುಕಲ್ಲು ಎಂದೂ ಕಂಡದ್ದು ಅಂಥ ನೋಟದಿಂದಲೇ.

ಇದನ್ನು ನಾನು ಅಮ್ಮನಿಗೆ ಹೇಳಿದಾಗ ಅವರು ನಕ್ಕುಬಿಟ್ಟರು. "ಇದರಲ್ಲಿ ಅವರು ಕಂಡುಹಿಡಿದದ್ದು ಏನು? ನಾವು ಅದನ್ನು ಕುಳವಿ ಅಂತಲೇ ಕರೆಯುವುದು!"

ಹೌದಲ್ಲ! ನಮ್ಮ ಗಣಿ ಊರಿನಲ್ಲಿ ಮನೆಯೊಳಗೆ ತಮಿಳು, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಮೂರನ್ನೂ ಕಲಸಿಕೊಂಡು ಬೆಳೆದ ನನಗೆ ಇದು ಹೊಳೆದೇ ಇರಲಿಲ್ಲ. ಅರೆಯುವ ಗುಂಡಿಗೆ ತಮಿಳಿನಲ್ಲಿ ಕುಳವಿ ಎನ್ನುತ್ತಾರೆ. ಅದೇ ಮಾತಿಗೆ ಹಳೆಯ ತಮಿಳಿನಲ್ಲಿ ಕೂಸು ಎಂದೇ ಅರ್ಥ. ಚಿತ್ರಕಾರರು ಬಣ್ಣದಲ್ಲಿ ಹೇಳಿದ್ದನ್ನು ನಮ್ಮ ಅಜ್ಜಿಯರು ಅರೆಯುವ ಹೊತ್ತಿನಲ್ಲಿ ದಿನಾ ಬಾಯಲ್ಲಿ ಹೇಳುತ್ತಿದ್ದರು.

ಹಾಗಾದರೆ ಚಿತ್ರ ಏಕೆ ಬೇಡ? ಅಮ್ಮನ ಉತ್ತರ ಇದು: "ಟೀಚರಮ್ಮಾ, ನಾನು ಮೂವತ್ತು ವರ್ಷ ಆ ಕಲ್ಲಿನ ಮುಂದೆ ಕುಳಿತೆ. ನಿನ್ನಪ್ಪ ಮುಂಜಾನೆಯ ಶಿಫ್ಟಿಗೆ ಇಳಿಯುವ ಮೊದಲು ಡಬ್ಬಿ ತುಂಬಬೇಕಿತ್ತು. ದೇವಾಲಯಕ್ಕೆ ಹೋಗಿ ತಲೆಯೆತ್ತಿದರೆ ಅಲ್ಲಾದರೂ ಬೇರೆ ಏನನ್ನಾದರೂ ಕಾಣೋಣ ಅಂತ ಹೋಗುತ್ತಿದ್ದೆ. ಆ ತಾಯಿಯನ್ನೂ ತಂದು ಒರಳಿಗೇ ಕೂರಿಸಿದರೆ ನಾನು ಎಲ್ಲಿಗೆ ಹೋಗಲಿ?"

ನಾನು ಈ ಮಾತಿಗೆ ಸಿದ್ಧಳಾಗಿರಲಿಲ್ಲ. ಬಡವರ ಮುಖವನ್ನು ಪೀಠದ ಮೇಲಿಡಬೇಕು ಎಂದು ನಾವು, ಸ್ವಲ್ಪ ಓದಿದವರು, ಸುಲಭವಾಗಿ ಹೇಳುತ್ತೇವೆ. ಆದರೆ ಆ ಬಡವರಿಗೆ ತಮ್ಮ ಕಷ್ಟವನ್ನೇ ಗೋಡೆಯ ಮೇಲೆ ಮತ್ತೆ ನೋಡುವ ಆಸೆ ಇದೆಯೇ? ಚೆಲುವಾದದ್ದನ್ನು, ದೂರದ್ದನ್ನು, ರೇಷ್ಮೆ ಉಟ್ಟದ್ದನ್ನು ನೋಡುವ ಹಕ್ಕು ಅವರಿಗಿಲ್ಲವೇ? ಲೈನ್ ಮನೆಯ ಒಂದೇ ಕೋಣೆಯಲ್ಲಿ ಎಂಟು ಜನ ಮಲಗಿದವರಿಗೆ ದೇವಾಲಯದ ಎತ್ತರದ ಛಾವಣಿಯೇ ಒಂದು ಸಮಾಧಾನವಾಗಿತ್ತು ಎಂಬುದನ್ನು ನಾನೂ ಬಲ್ಲೆ.

ಈ ಜಗಳ ಹೊಸದೂ ಅಲ್ಲ. ನಾನೂರು ವರ್ಷಗಳ ಹಿಂದೆ ರೋಮಿನಲ್ಲಿ ಕಾರವಾಜ್ಜೊ ಎಂಬ ಮಹಾನ್ ಚಿತ್ರಕಾರ ಮರಿಯಮ್ಮನವರ ಮರಣದ ಚಿತ್ರವನ್ನು ಒಂದು ದೇವಾಲಯಕ್ಕೆ ಬರೆದುಕೊಟ್ಟ. ಊದಿದ ಮೈ, ಬರಿಗಾಲು, ಸಾಧಾರಣ ಮನೆಯಲ್ಲಿ ಸತ್ತ ಸಾಧಾರಣ ಹೆಂಗಸಿನಂತೆ. ಅಲ್ಲಿನ ಕಾರ್ಮೆಲ್ ಸಭೆಯ ಗುರುಗಳು ಅದನ್ನು ಒಪ್ಪಲಿಲ್ಲ. ಇಂದು ಅದು ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಇನ್ನೂ ಹತ್ತಿರಕ್ಕೆ ಬಂದರೆ, ಗೋವೆಯ ಆಂಜೆಲೊ ದ ಫೊನ್ಸೆಕಾ ಮರಿಯಮ್ಮನವರಿಗೆ ಸೀರೆ ಉಡಿಸಿ ಬರೆದಾಗ ಸ್ವಂತ ಊರಿನ ಜನರೇ ಸಿಟ್ಟಾದರು. ಅವರು ಪುಣೆಯ ಒಂದು ಆಶ್ರಮ ಸೇರಿ ಅಲ್ಲೇ ತಮ್ಮ ಕೆಲಸ ಮುಂದುವರಿಸಿದರು. ಯಾವುದೇ ಒಂದು ಕಲಾಶೈಲಿ ಮಾತ್ರ ತನ್ನದೆಂದು ಧರ್ಮಸಭೆ ಹಿಡಿದುಕೊಂಡಿಲ್ಲ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ಸ್ಪಷ್ಟವಾಗಿ ಹೇಳಿತು. ಆದರೆ ಮಹಾಸಭೆಯ ಮಾತು ದೇವರ ಗೂಡಿನವರೆಗೆ ಇಳಿಯುವುದಕ್ಕೆ ಕಾಲ ಬೇಕು.

ನನ್ನ ಮೊದಲ ವಾದ ವೇಳಾಂಕಣ್ಣಿ ಮಾತೆಯದೇ ಆಗಿತ್ತು. "ಅಮ್ಮಾ, ಈ ಮಾತೆಗೆ ನಾವು ಕಂಚಿಯ ಸೀರೆ ಉಡಿಸುತ್ತೇವೆ, ಮಲ್ಲಿಗೆ ಮುಡಿಸುತ್ತೇವೆ. ಸೀರೆ ನಮ್ಮದು. ಮೈಬಣ್ಣ ಮಾತ್ರ ಏಕೆ ನಮ್ಮದಲ್ಲ?" ಅಮ್ಮ ಹೇಳಿದರು: "ಅದನ್ನು ನನ್ನನ್ನು ಕೇಳಬೇಡ. ಹೆಣ್ಣು ನೋಡಲು ಬಂದವರನ್ನು ಕೇಳು." ಈ ಮಾತು ನಮ್ಮ ಮನೆಯ ಒಂದು ಹಳೆಯ ಗಾಯಕ್ಕೆ ಸೇರಿದ್ದು, ಇಲ್ಲಿ ಬೇಡ. ಆದರೆ ಓದುಗರಲ್ಲಿ ಹೆಣ್ಣುಮಕ್ಕಳನ್ನು ಹೆತ್ತವರಿಗೆ ಅರ್ಥವಾಗುತ್ತದೆ. ಬಿಳಿಯ ಮುಖವೇ ಪವಿತ್ರ ಎಂದು ಪೀಠದ ಮೇಲೆ ನೋಡಿ ಕಲಿತ ಕಣ್ಣು, ಮನೆಗೆ ಬಂದು ಕಪ್ಪು ಮಗುವನ್ನು ಹೇಗೆ ನೋಡೀತು? ಇದು ಬರೀ ಕಲೆಯ ಪ್ರಶ್ನೆಯಲ್ಲ.

ಅಮ್ಮನ ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಮೂರು ದಿನ ಬಿಟ್ಟು, ಅಕ್ಕಿ ಆರಿಸುತ್ತಾ ಹೇಳಿದರು: "ಅವರು ಒರಳನ್ನು ನೋಡಿದ್ದಾರೆ. ಅರೆದಿಲ್ಲ."

ಎಡಗೈಯಲ್ಲಿ ಹಿಟ್ಟು ತಳ್ಳುತ್ತಾ ಬಲಗೈಯಲ್ಲಿ ಗುಂಡು ತಿರುಗಿಸಿದವರಿಗೆ ಗೊತ್ತು, ಹೆಗಲು ಎಲ್ಲಿ ಹಿಡಿಯುತ್ತದೆ ಎಂದು. ಕೈ ತಪ್ಪಿದರೆ ಬೆರಳು ಜಜ್ಜುತ್ತದೆ. ಸಾಹಿಯವರು ಲೈನ್ ಮನೆಯಲ್ಲಿ ಹುಟ್ಟಿದವರಲ್ಲ. ‘ದಲಿತ’ ಎಂಬ ಮಾತಿಗೆ ಒಡೆಯಲ್ಪಟ್ಟದ್ದು, ಅರೆಯಲ್ಪಟ್ಟದ್ದು ಎಂದು ಅರ್ಥ. ಹಾಗೆ ಒಡೆಯಲ್ಪಟ್ಟವರ ತಾಯಿಯನ್ನು, ಒಡೆಯಲ್ಪಡದ ಒಬ್ಬರು ಬರೆಯಬಹುದೇ? ಬರೆದು ಹೆಸರು ಪಡೆಯಬಹುದೇ? ಇದಕ್ಕೆ ಥಟ್ಟನೆ "ಹೌದು" ಎನ್ನುವವರನ್ನೂ "ಇಲ್ಲ" ಎನ್ನುವವರನ್ನೂ ನಾನು ನಂಬುವುದಿಲ್ಲ.

ನನಗೆ ಸಂತ ಲೂಕ ನೆನಪಾದರು. ಮರಿಯಮ್ಮನವರ ಚಿತ್ರವನ್ನು ಮೊದಲು ಬರೆದವರು ಅವರೇ ಎಂಬುದು ಹಳೆಯ ಐತಿಹ್ಯ. ಅದಕ್ಕಾಗಿಯೇ ಅವರು ಚಿತ್ರಕಾರರ ಪಾಲಕ ಸಂತರು. ಐತಿಹ್ಯ ಏನೇ ಇರಲಿ, ಮಾತಿನಲ್ಲಿ ಬರೆದದ್ದಂತೂ ನಿಜ. ಹೆರಿಗೆಯ ಸುಸ್ತನ್ನು ಅರಿಯದ ಆ ಗಂಡಸು ಹೆತ್ತ ತಾಯಿಯನ್ನು ಬರೆದರು. ಮತ್ತು ಏನು ಬರೆದರು ನೋಡಿ: ಕೂಸನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದಳು ಎಂದು. ಕ್ರಿಸ್ಮಸ್ಸಿಗೆ ನಾವು ಕಾಗದದ ಬೆಟ್ಟ, ಬಣ್ಣದ ದೀಪಗಳಿಂದ ಸಿಂಗರಿಸುವ ಗೋದಲಿ ಮೂಲದಲ್ಲಿ ದನಗಳ ಮೇವಿನ ತೊಟ್ಟಿ. ಆ ನಾಡಿನಲ್ಲಿ ಕಲ್ಲನ್ನು ಕುಳಿ ತೋಡಿ ಮಾಡಿದ ತೊಟ್ಟಿಗಳೂ ಇದ್ದವು. ಕಲ್ಲಿನ ಕುಳಿಯಲ್ಲಿ ಮಲಗಿದ ಮಗು ಎಂದರೆ ಸಾಹಿಯವರ ಚಿತ್ರ ಅಷ್ಟೇನೂ ದೂರವಿಲ್ಲ. ಆ ಚಿತ್ರದಲ್ಲಿ ನನಗೆ ಕಂಡದ್ದು ಕಷ್ಟದ ಪ್ರದರ್ಶನವಲ್ಲ. ಅಳುವ ಕಣ್ಣಿಲ್ಲ, ಹರಕು ಬಟ್ಟೆಯ ಕರುಣಾಜನಕ ಕಥೆಯಿಲ್ಲ. ಬಡವರ ಮುಖವನ್ನು ಬರೆದು ಮರುಕ ಹುಟ್ಟಿಸುವ ಚಿತ್ರಗಳು ಬೇಕಾದಷ್ಟಿವೆ, ಅವು ನನಗೂ ಬೇಡ. ಇದು ಅಡಿಗೆಮನೆಯ ಒಂದು ವಸ್ತುವಿನ ಬಗ್ಗೆ ಇರುವ ಗೌರವ.

ಮತ್ತೆ, ಕಲ್ಲು ಅರೆಯುವುದೆಂದರೆ ಏನೆಂದು ಉರಿಗಾಂನವರಿಗೆ ಯಾರೂ ಕಲಿಸಬೇಕಿಲ್ಲ. 1880ರಲ್ಲಿ ಆಂಗ್ಲ ಕಂಪನಿ ಬಂದಾಗಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಈ ಊರಿನ ಕಸುಬೇ ಕಲ್ಲು ಅರೆಯುವುದಾಗಿತ್ತು. ಚಾಂಪಿಯನ್ ರೀಫ್‌ನಲ್ಲಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದು ಕಲ್ಲು ಒಡೆದು, ಮೇಲೆ ತಂದು, ಗಿರಣಿಯಲ್ಲಿ ಹಿಟ್ಟು ಮಾಡಿ, ಸಯನೈಡಿನಲ್ಲಿ ತೊಳೆದು, ಕೊನೆಕೊನೆಗೆ ಒಂದು ಟನ್ ಕಲ್ಲಿಗೆ ಕೆಲವೇ ಗ್ರಾಂ ಚಿನ್ನ. ಉಳಿದ ಹಿಟ್ಟೆಲ್ಲ ಇಂದಿಗೂ ದಿಬ್ಬಗಳಾಗಿ ನಮ್ಮ ಮನೆಗಳ ಹಿಂದೆ ನಿಂತಿದೆ. ಗಾಳಿ ಬೀಸಿದರೆ ಒಣಹಾಕಿದ ಬಟ್ಟೆಗೆ ಬರುತ್ತದೆ. ಅರೆದವರಲ್ಲಿ ಬಹುಪಾಲು ಯಾವ ಜಾತಿಯವರು, ಯಾವ ಜಿಲ್ಲೆಗಳಿಂದ ಬರಗಾಲಕ್ಕೆ ಓಡಿಬಂದವರು ಎಂಬುದೂ ಗೊತ್ತಿರುವ ಸಂಗತಿ. ಕೆಳಗೆ ಬಂಡೆ ಸಿಡಿದಾಗ ಮೇಲೆ ಅಡಿಗೆಮನೆಯಲ್ಲಿ ಪಾತ್ರೆಗಳು ನಡುಗುತ್ತಿದ್ದವು. ಅರೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಶಿಲುಬೆ ಗುರುತು ಹಾಕಿಕೊಂಡು, ಹೊರಗೆ ಬಂದು ನಿಂತು, ಸುದ್ದಿಗಾಗಿ ಕಾಯುತ್ತಿದ್ದರು. ಈಗ ಅವರ ಮೊಮ್ಮಕ್ಕಳು ಮುಂಜಾನೆ ಉರಿಗಾಂ ನಿಲ್ದಾಣದಲ್ಲಿ ನಿಂತು ಬಂಗಾರಪೇಟೆ ಮೂಲಕ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ, ರಾತ್ರಿ ಅದೇ ಹಳಿಯಲ್ಲಿ ಮರಳುತ್ತಾರೆ. ಈ ಊರಿಗೆ ಒಬ್ಬ ಮಾತೆಯನ್ನು ಬರೆಯುವುದಾದರೆ ಯಾವುದರಿಂದ ಬರೆಯಬೇಕಿತ್ತು?

ಹೀಗೆಂದು ಅಮ್ಮನಿಗೆ ಹೇಳಿದೆ. ಸ್ವಲ್ಪ ಭಾಷಣದ ಧಾಟಿಯಲ್ಲೇ ಹೇಳಿದೆ ಎಂದು ಒಪ್ಪಿಕೊಳ್ಳುತ್ತೇನೆ. ಅವರು ಮಾತಾಡಲಿಲ್ಲ. ಕಾರ್ಡನ್ನು ಗೂಡಿನಿಂದ ತೆಗೆದು ಕೈಯಲ್ಲಿ ಹಿಡಿದು ಮತ್ತೆ ನೋಡಿದರು. ಆಮೇಲೆ ಹೇಳಿದ್ದು ಚಿತ್ರದ ಬಗ್ಗೆಯೇ, ಮೊದಲ ಸಲ.

"ಕಲ್ಲು ಸವೆಯುತ್ತದೆ ಅಂತ ಅವರಿಗೆ ಗೊತ್ತೋ ಇಲ್ಲವೋ. ವರ್ಷ ವರ್ಷ ಉಳಿ ಹಿಡಿದು ಒಬ್ಬ ಬರುತ್ತಿದ್ದ, ನೆನಪಿದೆಯಾ? ನುಣುಪಾದ ಕುಳಿಯನ್ನು ಕೊಚ್ಚಿ ಒರಟು ಮಾಡಿ ಹೋಗುತ್ತಿದ್ದ. ಅವತ್ತಿನ ಮೊದಲ ಹಿಟ್ಟು ಚೆಲ್ಲಬೇಕು, ಹಲ್ಲಿಗೆ ಮರಳು ಸಿಗುತ್ತಿತ್ತು. ಆದರೂ ಎಷ್ಟು ಅಂತ ಚೆಲ್ಲುವುದು? ನೀವು ಐದು ಜನ ಆ ಕಲ್ಲನ್ನು ತಿಂದೇ ಬೆಳೆದದ್ದು."

ತಾಯಿಕಲ್ಲು ಸ್ವಲ್ಪ ಸ್ವಲ್ಪವಾಗಿ ಸವೆದು ಮಕ್ಕಳ ಊಟದೊಳಗೆ ಹೋಗುತ್ತಿತ್ತು ಎಂಬುದನ್ನು ನಾನು ಯಾವ ಧ್ಯಾನಕೂಟದಲ್ಲೂ ಕೇಳಿಲ್ಲ. ಪೀಠದ ಮೇಲೆ ರೊಟ್ಟಿ ಮುರಿಯುವಾಗ ಗುರುಗಳು ಹೇಳುವ ಮಾತುಗಳು ನೆನಪಾಗಿ ಸುಮ್ಮನಾದೆ.

ಅಮ್ಮ ಸೋತರು ಎಂದುಕೊಳ್ಳಬೇಡಿ. "ದೇವರ ಗೂಡಿನಲ್ಲಿ ಬೇಡ" ಎಂಬ ಮಾತಿನಿಂದ ಅವರು ಒಂದಿಂಚೂ ಸರಿಯಲಿಲ್ಲ. ಅಲ್ಲಿ ವೇಳಾಂಕಣ್ಣಿ ಮಾತೆಯೇ ಇದ್ದಾಳೆ, ಕಂಚಿಯ ಸೀರೆಯಲ್ಲಿ, ಬೆಳ್ಳಗೆ. ಹಬ್ಬದ ಹಿಂದಿನ ದಿನ ಕಾರ್ಡು ಅಡಿಗೆಮನೆಗೆ ಹೋಯಿತು. ಒಲೆಯ ಮೇಲಿನ ಮೊಳೆಗೆ, ಕ್ಯಾಲೆಂಡರಿನ ಪಕ್ಕಕ್ಕೆ. ಅದು ಕೆಳಗಿನ ಜಾಗವೋ, ಇನ್ನೂ ಹತ್ತಿರದ ಜಾಗವೋ ನನಗೆ ತಿಳಿಯುತ್ತಿಲ್ಲ. ಅಮ್ಮನನ್ನು ಕೇಳುವ ಧೈರ್ಯವೂ ಇಲ್ಲ. ಒಂದು ಮೂಲೆಗೆ ಈಗಾಗಲೇ ಎಣ್ಣೆ ಹತ್ತಿದೆ.

ನಮ್ಮ ಹಳೆಯ ಒರಳು ಹಿತ್ತಲಿನಲ್ಲಿ ನುಗ್ಗೆಮರದ ಕೆಳಗೆ ಬಿದ್ದಿದೆ. ಗ್ರೈಂಡರ್ ಬಂದ ಮೇಲೆ ಯಾರೂ ಮುಟ್ಟಿಲ್ಲ. ಗುಂಡು ಒಂದು ಕಡೆ, ಒರಳು ಒಂದು ಕಡೆ. ಮೊನ್ನೆ ಮಳೆ ನಿಂತ ಮೇಲೆ ಅಮ್ಮ ಗೋಡೆ ಹಿಡಿದುಕೊಂಡು ಮೆಲ್ಲಗೆ ಅಲ್ಲಿಗೆ ಹೋಗಿ, ಕುಳಿಯಲ್ಲಿ ತುಂಬಿದ್ದ ನೀರನ್ನು ಚೊಂಬಿನಿಂದ ಮೊಗೆದು ಹೊರಗೆ ಚೆಲ್ಲಿದರು. ಸೆರಗಿನಿಂದ ಒಳಗೆಲ್ಲ ಒರೆಸಿದರು. ಏಕಮ್ಮಾ ಎಂದೆ.

"ಸೊಳ್ಳೆ ಆಗುತ್ತೆ" ಎಂದರು.